ಬೆಸ ದಿನ ಎಡಕ್ಕೆ, ಸಮ ದಿನ ಬಲಕ್ಕೆ

ಬೆಂಗಳೂರಿನಲ್ಲಿ ಎರಡು ಬಗೆಯ ನೋ ಪಾರ್ಕಿಂಗ್ ಬೋರ್ಡುಗಳಿವೆ. ಒಂದು ಸರ್ಕಾರದ್ದು. ನೀಲಿ ಬಿಲ್ಲೆ, ಕೆಂಪು ಅಂಚು, ಅಡ್ಡಗೆರೆ, ಅದರ ಬುಡದಲ್ಲೇ ಒಂದು ಕಾರು. ಇನ್ನೊಂದು ಮನೆಯವರದು. ಗೇಟಿಗೆ ತಂತಿಯಲ್ಲಿ ಬಿಗಿದ ತಗಡು, ಅದರ ಮೇಲೆ ‘ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬ ಒಕ್ಕಣೆ. ಈ ಎರಡನೆಯದರ ಮುಂದೆ ನೊಣವೂ ನಿಲ್ಲುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಪ್ರಕಾರ ಗಾಡಿ ಎಲ್ಲಿ ನಿಲ್ಲಬಹುದು ಎಂದು ಗೊತ್ತುಮಾಡುವ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ. ಅದನ್ನೂ ಸ್ಥಳೀಯ ಸಂಸ್ಥೆಯ ಜತೆ ಸಮಾಲೋಚಿಸಿ ಮಾಡಬೇಕು. ಗಾಳಿ ತೆಗೆಯುವವರು ಯಾರ ಜತೆಗೂ ಸಮಾಲೋಚಿಸುವುದಿಲ್ಲ. ನಗರದಲ್ಲಿ ತಕ್ಷಣ ಜಾರಿಯಾಗುವ ಏಕೈಕ ಪಾರ್ಕಿಂಗ್ ನಿಯಮ ಅವರದ್ದು.

ತಗಡಿನಲ್ಲಿ ನಂಬಿಕೆ ಇಲ್ಲದವರು ಬೇರೆ ಏರ್ಪಾಡು ಮಾಡಿಕೊಂಡಿದ್ದಾರೆ. ಖಾಲಿಯಾದ ಪೇಂಟ್ ಡಬ್ಬಕ್ಕೆ ಸಿಮೆಂಟು ತುಂಬಿ, ನಡುವೆ ಕಬ್ಬಿಣದ ಸಲಾಕೆ ನೆಟ್ಟು, ಎರಡು ಡಬ್ಬಗಳ ನಡುವೆ ಹಗ್ಗ ಕಟ್ಟಿದರೆ ಸಾರ್ವಜನಿಕ ರಸ್ತೆಯ ಹದಿನಾರು ಅಡಿ ಸ್ವಂತದ್ದಾಯಿತು. ಸ್ವಲ್ಪ ಅಭಿರುಚಿ ಉಳ್ಳವರು ಹೂಕುಂಡ ಇಡುತ್ತಾರೆ. ಒಂದು ಕುಂಡದಲ್ಲಿ ತುಳಸಿ ಇದ್ದುಬಿಟ್ಟರೆ ಪಾಲಿಕೆಯ ಗ್ಯಾಂಗ್‌ಮನ್ ಕೂಡ ಮುಟ್ಟಲಾರ. ಖಾತಾ, ನೋಂದಣಿ, ಮುದ್ರಾಂಕ ಶುಲ್ಕ ಯಾವುದೂ ಇಲ್ಲದೆ ಈ ಊರಿನಲ್ಲಿ ಜಾಗ ಸಿಗುವುದು ಇದೊಂದೇ ದಾರಿಯಲ್ಲಿ.

ಜಾಗದ ಲೆಕ್ಕವನ್ನೇ ನೋಡೋಣ. ಸಾಧಾರಣ ಕಾರೊಂದಕ್ಕೆ ಬಾಗಿಲು ತೆರೆಯುವುದೂ ಸೇರಿ ಹದಿನಾರು ಅಡಿ ಉದ್ದ, ಎಂಟು ಅಡಿ ಅಗಲ ಬೇಕು. ಅಂದರೆ 128 ಚದರಡಿ. ಇಷ್ಟೇ ಜಾಗದಲ್ಲಿ ಪಿಜಿಯವರು ಮೂರು ಮಂಚ ಹಾಕಿ, ಮೂವರು ಸಾಫ್ಟ್‌ವೇರ್ ಹುಡುಗರನ್ನು ಮಲಗಿಸಿ, ಮೂವರಿಂದಲೂ ಅಡ್ವಾನ್ಸು ಇಸಿದುಕೊಂಡು, ಬಿಸಿನೀರು ಬೆಳಿಗ್ಗೆ ಎಂಟರವರೆಗೆ ಮಾತ್ರ ಎಂದು ಗೋಡೆಗೆ ಚೀಟಿ ಅಂಟಿಸುತ್ತಾರೆ. ಮನುಷ್ಯ ಮಲಗಿದರೆ ಬಾಡಿಗೆ, ಕಾರು ಮಲಗಿದರೆ ಪುಕ್ಕಟೆ.

ಈ ಪುಕ್ಕಟೆಗೆ ಕೈ ಹಾಕುವ ಧೈರ್ಯ ಸರ್ಕಾರಕ್ಕೆ ಒಮ್ಮೆ ಬಂದಿತ್ತು. ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ‘ಪಾರ್ಕಿಂಗ್ ನೀತಿ 2.0’ಕ್ಕೆ 2021ರ ಆರಂಭದಲ್ಲಿ ಒಪ್ಪಿಗೆ ಸಿಕ್ಕಿತು. (1.0 ಯಾರ ಬೀದಿಗೆ ಬಂದಿತ್ತೋ, ಬಂದದ್ದನ್ನು ಕಂಡವರಿಲ್ಲ.) ಮನೆ ಮುಂದೆ ಕಾರು ನಿಲ್ಲಿಸಿಕೊಳ್ಳುವವರು ಪರವಾನಗಿ ಪಡೆಯಬೇಕು, ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಎಸ್‌ಯುವಿಗೆ 5,000 ರೂಪಾಯಿ ಎಂಬ ಪ್ರಸ್ತಾವ ಅದರಲ್ಲಿತ್ತು. ಸಣ್ಣ ಕಾರಿಗೆ ದಿನಕ್ಕೆ ಮೂರು ರೂಪಾಯಿಯೂ ಬೀಳುವುದಿಲ್ಲ. ಇಪ್ಪತ್ತು ಲಕ್ಷದ ಎಸ್‌ಯುವಿಗೆ ಹದಿನಾಲ್ಕು ರೂಪಾಯಿಯೊಳಗೆ. ದರ್ಶಿನಿಯಲ್ಲಿ ನಿಂತು ಕುಡಿಯುವ ಕಾಫಿಯ ದುಡ್ಡು.

ಎದ್ದ ಬೊಬ್ಬೆಯನ್ನು ಕೇಳಬೇಕಿತ್ತು. ರೋಡ್ ಟ್ಯಾಕ್ಸ್ ಕಟ್ಟಿಲ್ಲವೇ, ಆಸ್ತಿ ತೆರಿಗೆ ಕಟ್ಟಿಲ್ಲವೇ, ಪೆಟ್ರೋಲಿನ ಮೇಲೆ ಸೆಸ್ ಕಟ್ಟಿಲ್ಲವೇ, ಇನ್ನು ಉಸಿರಾಡುವುದಕ್ಕೂ ಕಟ್ಟಬೇಕೇ? ಕಾರಿನ ಸೀಟ್ ಕವರಿಗೆ ಹದಿನೆಂಟು ಸಾವಿರ ಕೊಟ್ಟವರೂ ಬೀದಿಯಲ್ಲಿ ನಿಂತು ಬಡವರ ಪರವಾಗಿ ಮಾತಾಡಿದರು. ನೀತಿ ಕಡತದಲ್ಲೇ ಉಳಿಯಿತು, ನಮ್ಮ ಬೀದಿಯವರೆಗೆ ಇಳಿದು ಬರಲಿಲ್ಲ. ಬಂದಿದ್ದರೆ ಅದನ್ನು ನಿಲ್ಲಿಸಲು ಜಾಗ ಇರಲಿಲ್ಲ ಬಿಡಿ.

ಹಾಗೆಂದು ಮನೆಗಳಲ್ಲಿ ಪಾರ್ಕಿಂಗ್ ಇಲ್ಲವೆಂದು ತಿಳಿಯಬೇಡಿ. ನಕ್ಷೆಯಲ್ಲಿ ಎಲ್ಲರ ಮನೆಯಲ್ಲೂ ಇದೆ. ಮೂವತ್ತು ನಲವತ್ತರ ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿದವರು ಮಂಜೂರಾತಿ ಪಡೆಯುವಾಗ ನೆಲಮಹಡಿಯಲ್ಲಿ ಕಾರಿನ ಚಿತ್ರ ಬರೆಸಿದ್ದಾರೆ. ಎಂಜಿನಿಯರರು ಆ ಚಿತ್ರ ನೋಡಿ ಸಹಿ ಹಾಕಿದ್ದಾರೆ. ಗೃಹಪ್ರವೇಶದ ಹೋಮದ ಹೊಗೆ ಆರುವ ಮೊದಲೇ ಆ ಜಾಗಕ್ಕೆ ರೋಲಿಂಗ್ ಶಟರ್ ಬೀಳುತ್ತದೆ. ನಕ್ಷೆಯಲ್ಲಿ ಕಾರಿದ್ದಲ್ಲಿ ನೆಲದ ಮೇಲೆ ಬ್ಯೂಟಿ ಪಾರ್ಲರು, ಟ್ಯೂಷನ್ ಸೆಂಟರು, ಹಲ್ಲಿನ ಡಾಕ್ಟರು. ಹಲ್ಲಿನ ಡಾಕ್ಟರ ಕಾರು ರಸ್ತೆಯಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಂದವರ ಕಾರೂ ರಸ್ತೆಯಲ್ಲಿ, ಮನೆ ಮಾಲೀಕರ ಎರಡು ಕಾರುಗಳಂತೂ ಮೊದಲಿನಿಂದಲೂ ರಸ್ತೆಯಲ್ಲೇ. ಜಪಾನಿನಲ್ಲಿ 1962ರಿಂದಲೇ ಒಂದು ಕಾನೂನಿದೆ. ಗಾಡಿ ನಿಲ್ಲಿಸಲು ಜಾಗ ತೋರಿಸದವರಿಗೆ ಗಾಡಿ ಇಟ್ಟುಕೊಳ್ಳುವ ಹಕ್ಕಿಲ್ಲ. ನಮ್ಮ ಸಾರಿಗೆ ಮಂತ್ರಿಗಳೂ ಆಗಾಗ ಈ ಮಾತಾಡುತ್ತಾರೆ. ಮಾತಾಡಿ ಮುಗಿಸುವಷ್ಟರಲ್ಲಿ ನಗರದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು.

ಇಂಥ ಸ್ಥಿತಿಯಲ್ಲಿ ನಮ್ಮ ಬಡಾವಣೆಗೆ ನಿಯಮ ಬಂತು. ಬೆಸ ದಿನಾಂಕಗಳಂದು ರಸ್ತೆಯ ಎಡಗಡೆ, ಸಮ ದಿನಾಂಕಗಳಂದು ಬಲಗಡೆ ಗಾಡಿ ನಿಲ್ಲಿಸಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇದನ್ನು ವಿವರಿಸಲು ಉದ್ಯಾನದ ಯೋಗಮಂಟಪದಲ್ಲಿ ಸಭೆ ಕರೆದಿದ್ದರು. ಬಂದ ಅಧಿಕಾರಿ ಸಂಭಾವಿತರು. ‘ನಿಮ್ಮ ಸಹಕಾರ ಬೇಕು ಸಾರ್’ ಎಂಬುದನ್ನು ಬಿಟ್ಟು ಬೇರೆ ಮಾತು ಅವರಿಗೆ ಬರುತ್ತಿರಲಿಲ್ಲ.

ಮೊದಲು ಎದ್ದು ನಿಂತವರು ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದು ನಿವೃತ್ತರಾದ ಮೂಲೆಮನೆಯವರು.

‘ಸಾರ್, ಮೂವತ್ತೊಂದು ಬೆಸ. ಮಾರನೇ ದಿನ ಒಂದು. ಅದೂ ಬೆಸ.’

‘ಹೌದು ಸಾರ್, ಸಹಕಾರ ಬೇಕು.’

‘ವರ್ಷಕ್ಕೆ ಬೆಸ ದಿನ 186, ಸಮ ದಿನ 179. ಎಡಗಡೆಯ ಮನೆಯವರ ಗೇಟಿನ ಮುಂದೆ ಏಳು ದಿನ ಹೆಚ್ಚುವರಿ ಕಾರು. ಏನು ಪಾಪ ಮಾಡಿದ್ದೇವೆ ನಾವು?’

ಬಲಗಡೆಯವರು ಚಪ್ಪಾಳೆ ತಟ್ಟಿದರು. ಅಧಿಕಾರಿ ಇದನ್ನು ಬರೆದುಕೊಂಡರು. ಅಧಿವರ್ಷದ ಫೆಬ್ರವರಿ 29ರ ವಿಚಾರ ಯಾರೋ ಎತ್ತಿದಾಗ ಅದನ್ನೂ ಬರೆದುಕೊಂಡರು. ಆಮೇಲೆ ದಿನಾಂಕ ಬದಲಾಗುವುದು ಮಧ್ಯರಾತ್ರಿ ಹನ್ನೆರಡಕ್ಕೋ ಸೂರ್ಯೋದಯಕ್ಕೋ ಎಂಬ ಪ್ರಶ್ನೆ ಬಂತು. ಪಂಚಾಂಗದ ಪ್ರಕಾರ ಸೂರ್ಯೋದಯಕ್ಕೆ, ಪೊಲೀಸರ ಪ್ರಕಾರ ಮಧ್ಯರಾತ್ರಿಗೆ. ‘ಹಾಗಾದರೆ ದಿನಾ ರಾತ್ರಿ ಹನ್ನೆರಡಕ್ಕೆ ಎದ್ದು ಗಾಡಿ ಆ ಕಡೆಯಿಂದ ಈ ಕಡೆಗೆ ಹಾಕಬೇಕೇನ್ರೀ?’ ಎಂದು ಮೂರನೇ ಕ್ರಾಸಿನ ಹೆಂಗಸೊಬ್ಬರು ಕೇಳಿದರು. ‘ನೂರು ಕಾರು ಒಟ್ಟಿಗೆ ರಸ್ತೆ ದಾಟಿದರೆ ಟ್ರಾಫಿಕ್ ಜಾಮ್ ಆಗಲ್ವಾ?’

‘ಆಗುತ್ತೆ ಮೇಡಂ. ಅದಕ್ಕೆ ಸಿಗ್ನಲ್ ಹಾಕಿಸೋಣ’ ಎಂದರು ಅಧಿಕಾರಿ.

ಸಿಗ್ನಲ್ ಎಂದೊಡನೆ ಸಭೆಗೆ ಜೀವ ಬಂತು. ನಮ್ಮ ನಾಲ್ಕು ರಸ್ತೆ ಕೂಡುವಲ್ಲಿ ಶಾಲೆಯಿದೆ, ಬಸ್ ನಿಲ್ದಾಣವಿದೆ. ಸಿಗ್ನಲ್ ಬೇಕೆಂದು ನಾವು ಅರ್ಜಿ ಕೊಡುತ್ತಲೇ ಬಂದಿದ್ದೇವೆ. ಆ ಅರ್ಜಿಯ ಪ್ರವಾಸ ಕಥನವನ್ನೇ ಬರೆಯಬಹುದು. ಸಿಗ್ನಲ್ ಬೇಕೋ ಬೇಡವೋ ಹೇಳಬೇಕಾದವರು ಸಂಚಾರ ಪೊಲೀಸರು. ಕಂಬ ನೆಡಲು ರಸ್ತೆ ಅಗೆಯುವ ಅನುಮತಿ ಪಾಲಿಕೆಯದು. ಕರೆಂಟು ಬೆಸ್ಕಾಂನದು. ಅಗೆದಲ್ಲಿ ಪೈಪು ಸಿಕ್ಕಿದರೆ ಜಲಮಂಡಳಿ ಬರಬೇಕು. ಪ್ರತಿಯೊಬ್ಬರೂ ಅರ್ಜಿಯನ್ನು ಅತ್ಯಂತ ಗೌರವದಿಂದ ಮುಂದಿನವರಿಗೆ ಕಳಿಸಿದ್ದಾರೆ, ಪ್ರತಿಯನ್ನು ನಮಗೂ ಕೊಟ್ಟಿದ್ದಾರೆ.

ಸಿಗ್ನಲ್ ಬರುವವರೆಗೆ ಇರಲಿ ಎಂದು ಒಂದು ಹಂಪ್ ಹಾಕಿದರು. ಯಾವ ಕಡತವೂ ಇಲ್ಲದೆ ರಾತ್ರೋರಾತ್ರಿ ಆಗುವ ಕೆಲಸ ಈ ಊರಿನಲ್ಲಿ ಹಂಪ್ ಒಂದೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪುಸ್ತಕದಲ್ಲಿ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ನಯವಾದ ಉಬ್ಬು. ನಮ್ಮದು ಅಗಲ ಎತ್ತರಗಳಲ್ಲಿ ಸಮಾನತೆಯನ್ನು ನಂಬಿದ ಕಾಮಗಾರಿ. ದಾಟುವಾಗ ಬೆನ್ನುಮೂಳೆಯ ಎಲ್ಲ ಬಿಲ್ಲೆಗಳೂ ಒಂದೊಂದಾಗಿ ಹಾಜರಿ ಹೇಳುತ್ತವೆ. ಇದರಿಂದ ನಮ್ಮ ಬಡಾವಣೆಗೆ ಒಬ್ಬ ಮೂಳೆ ಡಾಕ್ಟರೂ ಬಂದರು. ಅವರ ಕ್ಲಿನಿಕ್ಕೂ ಒಂದು ಮನೆಯ ಪಾರ್ಕಿಂಗ್‌ನಲ್ಲೇ ಇದೆ.

ಸಿಗ್ನಲ್ ಇರುವ ಕಡೆ ಏನಾಗಿದೆ ಎಂಬುದನ್ನೂ ಹೇಳಿಬಿಡಬೇಕು. 2022ರಲ್ಲಿ ವಿಶ್ವ ಹೃದಯ ದಿನದ ಹೊತ್ತಿಗೆ ಆಸ್ಪತ್ರೆಯೊಂದರ ಜತೆ ಸೇರಿ ಬೆಂಗಳೂರಿನ ಕೆಲವು ಸಿಗ್ನಲ್‌ಗಳ ಕೆಂಪು ದೀಪವನ್ನು ಹೃದಯದ ಆಕಾರಕ್ಕೆ ತಿರುಗಿಸಿದ್ದರು. ಹತ್ತು ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ ಬೇಕೆಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿ, ನಮ್ಮನ್ನು ಲಂಡನ್ನಿನ ನಂತರದ ಎರಡನೇ ಸ್ಥಾನದಲ್ಲಿ ಕೂರಿಸಿದ್ದು ಅದೇ ವರ್ಷಕ್ಕೆ. ಅಂಥ ರಸ್ತೆಯಲ್ಲಿ ರಕ್ತದೊತ್ತಡ ಏರಿಸಿಕೊಂಡು ನಿಂತವನ ಎದುರಿಗೆ ಕೆಂಪು ಹೃದಯ ಹೊತ್ತಿಸಿ, ಕಾಳಜಿ ವಹಿಸಿ ಎಂದು ಹೇಳುವುದಕ್ಕೆ ಅಸಾಧಾರಣ ಹಾಸ್ಯಪ್ರಜ್ಞೆ ಬೇಕು. ನಮ್ಮಂಥ ಬರಹಗಾರರು ಅಂಥವರ ಜತೆ ಪೈಪೋಟಿ ನಡೆಸಲಾರೆವು.

ಆಮೇಲೆ ಬುದ್ಧಿವಂತ ಸಿಗ್ನಲ್‌ಗಳು ಬಂದವು. ಸಿ-ಡ್ಯಾಕ್ ರೂಪಿಸಿದ ತಂತ್ರಜ್ಞಾನದ ಈ ವ್ಯವಸ್ಥೆಗೆ 165 ಜಂಕ್ಷನ್‌ಗಳನ್ನು ಗುರುತಿಸಿದರು. ವಾಹನಗಳು ಎಷ್ಟಿವೆ ಎಂದು ಕ್ಯಾಮೆರಾ ಎಣಿಸುತ್ತದೆ, ಅದಕ್ಕೆ ತಕ್ಕಂತೆ ಹಸಿರು ಹಿಗ್ಗುತ್ತದೆ, ಕುಗ್ಗುತ್ತದೆ. ಯಂತ್ರ ಒಳ್ಳೆಯದೇ, ದೂರುವಂಥದ್ದಲ್ಲ. ಆದರೆ ಎಡಗಡೆಯ ಒಂದು ಲೇನ್ ತುಂಬ ನಿಂತ ಕಾರುಗಳಿದ್ದರೆ ಅದು ಯಾವುದನ್ನು ಎಣಿಸಬೇಕು? ಚಲಿಸಲು ಕಾದಿರುವವರನ್ನೋ, ಚಲಿಸುವ ಉದ್ದೇಶವೇ ಇಲ್ಲದೆ ಇಡ್ಲಿ ತಿನ್ನಲು ಹೋದವರನ್ನೋ? ಸಂಜೆ ಆರಕ್ಕೆ ಯಂತ್ರ ಗೊಂದಲಕ್ಕೆ ಬಿದ್ದಾಗ ಪೇದೆಯೊಬ್ಬರು ಬಂದು ಪೆಟ್ಟಿಗೆಯ ಬಾಗಿಲು ತೆರೆದು, ಗುಂಡಿ ಒತ್ತಿ, ಸೀಟಿ ಊದುತ್ತಾರೆ. ಮಂತ್ರಿಗಳ ಕಾರು ಬರುವುದಿದ್ದರೆ ಸಂಜೆ ಆರರವರೆಗೂ ಕಾಯಬೇಕಿಲ್ಲ.

ದಂಡದ ಕಥೆ ಇದಕ್ಕಿಂತ ರುಚಿ. 2022ರ ಫೆಬ್ರವರಿಯಲ್ಲಿ, ಜನ ರೊಚ್ಚಿಗೆದ್ದರೆಂದು, ನೋ ಪಾರ್ಕಿಂಗ್ ಗಾಡಿಗಳನ್ನು ಎತ್ತಿಕೊಂಡು ಹೋಗುವ ಟೋಯಿಂಗ್ ನಿಲ್ಲಿಸಿದರು. ಟೋಯಿಂಗ್ ಹುಡುಗರ ವರ್ತನೆಯೂ ಹಾಗೇ ಇತ್ತು ಅನ್ನಿ, ಮಾಲೀಕ ಓಡಿ ಬರುತ್ತಿದ್ದರೂ ಸ್ಕೂಟರು ಗಾಳಿಯಲ್ಲಿ ತೇಲುತ್ತಿತ್ತು. ಸರಿಪಡಿಸುವುದಕ್ಕಿಂತ ನಿಲ್ಲಿಸುವುದು ಸುಲಭ, ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಕಣ್ಣು ತೆರೆದವು. ದಂಡದ ನೋಟಿಸು ಫೋಟೊ ಸಮೇತ ಮನೆಗೆ ಬರತೊಡಗಿತು. ಎರಡೇ ತಿಂಗಳಲ್ಲಿ, 2023ರ ಫೆಬ್ರವರಿಯಲ್ಲಿ, ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಘೋಷಣೆಯಾಯಿತು. ಆಷಾಢದ ಸೀರೆ ಅಂಗಡಿಗಳ ಮುಂದೆಯೂ ಕಾಣದ ಸಾಲು ಸಂಚಾರ ಠಾಣೆಗಳ ಮುಂದೆ ನಿಂತಿತು. 2025ರ ಆಗಸ್ಟಿನಲ್ಲಿ ಮತ್ತೊಮ್ಮೆ ಅರ್ಧ ಬೆಲೆ. ಸಿಕ್ಕಿಬಿದ್ದ ದಿನವೇ ಪೂರ್ತಿ ದಂಡ ಕಟ್ಟಿದ ಪ್ರಾಮಾಣಿಕರಿಗೆ ಯಾವ ಸಲವೂ ಏನೂ ಸಿಗಲಿಲ್ಲ.

ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳೋಣ? ಮೊದಲಾದರೆ ಬೆಳಿಗ್ಗೆ ಕಾರ್ಪೊರೇಟರ್ ಮನೆಗೆ ಹೋಗಿ ಕೂಗಾಡಬಹುದಿತ್ತು. ಕೆಲಸ ಆಗದಿದ್ದರೂ ಕಾಫಿ ಸಿಗುತ್ತಿತ್ತು. 2020ರ ಸೆಪ್ಟೆಂಬರ್ 10ಕ್ಕೆ ಅವರ ಅವಧಿ ಮುಗಿಯಿತು. ವಾರ್ಡುಗಳು 198 ಇರಬೇಕೋ, 243 ಇರಬೇಕೋ, 225 ಇರಬೇಕೋ ಎಂದು ವರ್ಷಗಳು ಕಳೆದವು. ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆಯನ್ನು ಐದು ಮಾಡಿ, ಮೇಲೊಂದು ಪ್ರಾಧಿಕಾರ ಕೂರಿಸಿ, ಅದಕ್ಕೆ ಮುಖ್ಯಮಂತ್ರಿಗಳನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಅಂದರೆ ನಮ್ಮ ಮೂರನೇ ಕ್ರಾಸಿನ ಪೇಂಟ್ ಡಬ್ಬದ ವಿಚಾರ ಈಗ ನೇರ ವಿಧಾನಸೌಧದ ಮಟ್ಟದ್ದು. ರಸ್ತೆಯ ನಡುಗೆರೆಯೇ ಎರಡು ಪಾಲಿಕೆಗಳ ಗಡಿಯಾಗಿರುವ ಕಡೆ ಬೆಸ ದಿನ ಒಂದು ಪಾಲಿಕೆಯದು, ಸಮ ದಿನ ಇನ್ನೊಂದರದು ಎಂದು ಹಂಚಿಕೊಳ್ಳಬಹುದು. ಹೆಚ್ಚುವರಿ ಏಳು ದಿನಗಳಿಗೆ ಒಂದು ಸಮನ್ವಯ ಸಮಿತಿ ಮಾಡಿದರಾಯಿತು.

ಸಭೆ ಮುಗಿಯುವ ಹೊತ್ತಿಗೆ ಮೂಲೆಮನೆಯವರು ಅಂಗಿ ಜೇಬಿನಿಂದ ದಂಡದ ನೋಟಿಸುಗಳ ಕಂತೆ ತೆಗೆದು ಪಕ್ಕದವರಿಗೆ ತೋರಿಸುತ್ತಿದ್ದರು.

‘ಇಷ್ಟೊಂದಾ? ಆಗಸ್ಟಿನಲ್ಲಿ ಅರ್ಧಕ್ಕೆ ಮುಗಿಸಬಹುದಿತ್ತಲ್ಲ ಸಾರ್, ಯಾಕೆ ಬಿಟ್ರಿ?’

‘ಅರ್ಧಕ್ಕೆ ಯಾಕ್ರೀ ಆತುರ?’ ಎಂದು ಅವರು ಕಂತೆಗೆ ರಬ್ಬರ್ ಬ್ಯಾಂಡ್ ಹಾಕಿದರು. ‘ಐದು ಪಾಲಿಕೆಗೂ ಚುನಾವಣೆ ಆಗಬೇಕಲ್ಲ. ಪೂರ್ತಿ ಮನ್ನಾ ಆಗುತ್ತೆ, ಕಾಯಿರಿ.’