ನಾ ಕಿವುಡ ಅಲ್ರಿ

(ಕಾಳಗಿಯಲ್ಲಿ ರೌದ್ರಾವತಿ ಹೊಳೆಗೆ ಹೆಚ್ಚು ದೂರವಿಲ್ಲದ ಒಂದು ಮನೆ. ಮಾಳಿಗೆಯ ಮೇಲಿನ ಕೋಣೆಯಲ್ಲಿ ಹ್ಯಾಮ್ ರೇಡಿಯೋ, ಅದರ ಮಗ್ಗುಲಲ್ಲಿ ಒಂದು ಹಳೆಯ ಕಂಪ್ಯೂಟರ್. ಮನೆಯ ಯಜಮಾನರು ನಿವೃತ್ತ ಮಾಸ್ತರು, ವಿಯು3 ಎಂದು ಶುರುವಾಗುವ ಕರೆಸಂಕೇತ ಹೊತ್ತವರು. ಕೆಲವು ವಾರಗಳಿಂದ ಪರದೆಯ ಮೇಲೆ ಸಿಗ್ನಲ್ಲಿನ ಗೆರೆಗಳು ಮಳೆಯಂತೆ ಇಳಿಯುತ್ತಿವೆ. ಒಂದು ಅಕ್ಷರವೂ ಮೂಡುತ್ತಿಲ್ಲ. ಕಂಪ್ಯೂಟರ್ ಕಿವುಡಾಗಿದೆ ಎಂದು ಓಣಿಯೆಲ್ಲ ತೀರ್ಪು ಕೊಟ್ಟಾಗಿದೆ. ಆರೋಪಿಯ ಹೇಳಿಕೆಯನ್ನು ಯಾರೂ ಪಡೆದಿಲ್ಲವೆಂದು ತಿಳಿದು, ಮಾಸ್ತರು ಇಲ್ಲದ ಹೊತ್ತು ನೋಡಿ ನಾವು ಹೋದೆವು.)

ಪತ್ರಿಕೆ: ನಮಸ್ಕಾರ. ಮೊದಲು ತಮ್ಮ ಪೂರ್ವಾಶ್ರಮದ ಬಗ್ಗೆ ಹೇಳಿ.

ಕಂಪ್ಯೂಟರ್: ಶರಣ್ರೀ. ನಾ ಮೊದಲ ಚಿತ್ತಾಪುರದಾಗ ಒಂದು ಝೆರಾಕ್ಸ್ ಅಂಗಡ್ಯಾಗ ಇದ್ದೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಹಣಿ ತಿದ್ದುಪಡಿ, ಇವುಗಳ ಅರ್ಜಿ ತುಂಬೋದೇ ನನ್ನ ಜಲ್ಮ ಆಗಿತ್ತು. 2018ರಾಗ ಕಾಳಗಿ ತಾಲೂಕ ಆಯ್ತು, ಕಾಳಗಿ ಮಂದಿ ಚಿತ್ತಾಪುರಕ್ಕ ಬರೋದು ಬಿಟ್ರು, ಅಂಗಡಿ ಸಪ್ಪಗಾಯ್ತು. ಮಾಸ್ತರು ಗುಜರಿ ರೇಟಿಗೆ ನನ್ನ ಹೊತ್ಕೊಂಡು ಬಂದ್ರು.

ಪತ್ರಿಕೆ: ಇಲ್ಲಿ ನಿಮ್ಮ ಕೆಲಸ?

ಕಂಪ್ಯೂಟರ್: ಕೇಳೋದು, ಕೇಳಿದ್ದನ್ನ ಓದಿ ಹೇಳೋದು. ಎಫ್‌ಟಿ8 ಅಂತ ಒಂದು ಪದ್ಧತಿ ಅದ. 2017ರಾಗ ಸ್ಟೀವ್ ಫ್ರಾಂಕೆ, ಜೋ ಟೇಲರ್ ಅನ್ನೋ ಇಬ್ಬರು ಅಮೆರಿಕದ ಹ್ಯಾಮ್‌ಗಳು ಹೊರಗ ತಂದ್ರು. ಟೇಲರ್ ಅಂದ್ರ ಸಣ್ಣ ಆಸಾಮಿ ಅಲ್ರಿ. 1974ರಾಗ ರಸೆಲ್ ಹಲ್ಸ್ ಜೋಡಿ ಕೂಡಿ ಅವಳಿ ಪಲ್ಸಾರ್ ಹಿಡದವರು. ಅದಕ್ಕ 1993ರಾಗ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ನಕ್ಷತ್ರದ ಪಿಸುಮಾತು ಕೇಳಿದವರು ಹ್ಯಾಮ್‌ಗಳ ಪಿಸುಮಾತು ಬಿಡ್ತಾರೇನು? ಸಿಗ್ನಲ್ಲಿನ ಬಲ ಗದ್ದಲದ ನೂರನೇ ಪಾಲು ಇದ್ರೂ ನಾ ಓದ್ತೀನಿ. ಮಾಸ್ತರ ಕಿವಿಗೆ ಅಲ್ಲಿ ಬರೇ ಸುಸ್ಸ್ ಅನ್ನೋ ಸಪ್ಪಳ.

ಪತ್ರಿಕೆ: ಅಷ್ಟು ಕಷ್ಟಪಟ್ಟು ಏನು ಮಾತಾಡುತ್ತಾರೆ?

ಕಂಪ್ಯೂಟರ್: ಏನೂ ಇಲ್ರಿ. ನನ್ನ ಕರೆಸಂಕೇತ ಇದು, ನನ್ನ ಚೌಕ ಇದು, ನೀ ಇಷ್ಟು ಕೇಳಸ್ತಿ, ಸರಿ, ಸಲಾಮು. ಒಂದು ಸಂದೇಶಕ್ಕ 77 ಬಿಟ್ ಜಾಗ. ಬೀಗರ ಕ್ಷೇಮಸಮಾಚಾರ ಕೇಳ್ಲಾಕ ಅದರಾಗ ಎಡಿ ಇಲ್ಲ. ಅದಕ್ಕ ಮಾಸ್ತರ ಮನಿಯವರಿಗೆ ಇದು ಸೇರಂಗಿಲ್ಲ. ಜಪಾನಿನವ ಸಿಕ್ಕಿದ್ದ ಅಂದ್ರ, ಏನಂದ ಅಂತ ಕೇಳ್ತಾರ. ಏನೂ ಅನ್ಲಿಲ್ಲ ಅಂತಾರ ಇವರು.

ಪತ್ರಿಕೆ: ಚೌಕ ಎಂದಿರಿ. ಏನದು?

ಕಂಪ್ಯೂಟರ್: ಹ್ಯಾಮ್‌ಗಳು ಇಡೀ ಭೂಮಿಗೆ ಚೌಕ ಕೊರದಾರ. ಒಂದೊಂದಕ್ಕ ಎರಡು ಡಿಗ್ರಿ ರೇಖಾಂಶ, ಒಂದು ಡಿಗ್ರಿ ಅಕ್ಷಾಂಶ. ನಮ್ದು ಎಂಕೆ87. ಇಲ್ಲೊಂದು ಮಜಾ ಕೇಳ್ರಿ. ಇಲ್ಲಿ ತಾಲೂಕ ಒಡದು ತಾಲೂಕ ಮಾಡ್ತಾರ, ಬೋರ್ಡ್ ಬದಲಸ್ತಾರ, ಯಾವ ಹಳ್ಳಿ ಯಾರಿಗೆ ಅಂತ ಜಗಳ ಆಡ್ತಾರ. ಜಪಾನಿನವನ ಲೆಕ್ಕದಾಗ ಕಾಳಗಿ, ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲಾ ಒಂದೇ ಎಂಕೆ87. ಕಲಬುರಗಿ ಡಿಸಿ ಆಫೀಸೂ ಅದರಾಗೇ, ಬೀದರ ಕೋಟೀನೂ ಅದರಾಗೇ, ಗಡಿ ದಾಟಿ ತೆಲಂಗಾಣದ ತಾಂಡೂರೂ ಅದರಾಗೇ. ಒಂದು ಅರ್ಜಿ ಇಲ್ಲ, ಒಂದು ಧರಣಿ ಇಲ್ಲ.

ಪತ್ರಿಕೆ: ಈಗ ಆರೋಪಕ್ಕೆ ಬರೋಣ. ಗೆರೆ ಕಾಣುತ್ತದೆ, ಅಕ್ಷರ ಬರುವುದಿಲ್ಲ. ಮಾಸ್ತರು ಇದಕ್ಕೆ ಏನೆನ್ನುತ್ತಾರೆ?

ಕಂಪ್ಯೂಟರ್: ಅವರು ಮೊದಲ ಸೂರ್ಯನ್ನ ಬೈದ್ರು. ಸೌರಜ್ವಾಲೆ ಅಂದ್ರು, ವಾತಾವರಣ ಕೆಟ್ಟದ ಅಂದ್ರು. ಸೂರ್ಯ ಕೆಟ್ರ ಗೆರಿನೇ ಬರಂಗಿಲ್ರಿ, ಪರದೆ ಕಪ್ಪಗ ಇರ್ತದ. ಗೆರಿ ಬಂದು ಅಕ್ಷರ ಬರದಿದ್ರ ತಪ್ಪು ಈ ಕೋಣಿ ಒಳಗದ. ಒಂಬತ್ತು ಕೋಟಿ ಮೈಲು ದೂರ ಇರೋನ ಮ್ಯಾಲ ಕೇಸ್ ಹಾಕೋದು ಸುಲಭ, ಅವ ಬಂದು ಜವಾಬು ಕೊಡಂಗಿಲ್ಲ.

ಆಮ್ಯಾಲ ಸಿಮೆಂಟ್ ಕಾರ್ಖಾನಿ. ವಾಡಿ, ಸೇಡಂ, ಶಹಾಬಾದ ಕಡೆ ಏನು ಕೆಟ್ರೂ ಕಾರ್ಖಾನಿ ಮ್ಯಾಲ ಹಾಕೋದು ರೂಢಿ ಆಗ್ಯದ. ಧೂಳು ಕುಂತ ಇನ್ಸುಲೇಟರ್ ಮ್ಯಾಲ ಇಬ್ಬನಿ ಬಿದ್ರ ಸಣ್ಣ ಕಿಡಿ ಹಾರ್ತದ, ರೇಡಿಯೋದಾಗ ಚರಚರ ಅಂತದ, ಅದು ಖರೇ. ಆದ್ರ ಕಾಳಗಿ ಎಲ್ಲಿ, ವಾಡಿ ಎಲ್ಲಿ? ಒಂದು ದಿನ ಮಾಸ್ತರ ತಂಗಿ ಮಗ ಬಂದು ಮನಿ ಮೇನ್ ಸ್ವಿಚ್ ತಗದು, ರೇಡಿಯೋ ಬ್ಯಾಟರಿ ಮ್ಯಾಲ ಹಚ್ಚಿ ನೋಡ್ದ. ಅರ್ಧ ಗದ್ದಲ ಅಲ್ಲೇ ಸತ್ತು ಹೋಯ್ತು. ನನ್ನ ಎಕ್ಸ್‌ಟೆನ್ಶನ್ ಬೋರ್ಡಿಗೇ ಚುಚ್ಚಿದ್ದ ಸಂತ್ಯಾಗಿನ ಮೊಬೈಲ್ ಚಾರ್ಜರ್‌ದು ಅದು. ಕಾರ್ಖಾನಿ ಬಿಡುಗಡೆ ಆಯ್ತು. ಚಾರ್ಜರ್ ಈಗ ಅಡಗಿಮನ್ಯಾಗದ.

ಪತ್ರಿಕೆ: ಉಳಿದ ಅರ್ಧ?

ಕಂಪ್ಯೂಟರ್: ಅದು ಆಕಾಶದ್ದು, ಇರಲಿ. ಅದರಾಗೇ ಓದೋದು ನನ್ನ ಕೆಲಸ. ಆದ್ರ ನನಗ ಕೇಳ್ಲಾಕ ಸರಿಯಾಗಿ ಕೊಡಬೇಕಲ್ರಿ. ಮುಂಜಾನಿ ಮಾಸ್ತರು 40 ಮೀಟರಿನಾಗ ಬೆಂಗಳೂರು, ಹುಬ್ಬಳ್ಳಿಯವರ ಜೋಡಿ ಬಾಯಿಲೆ ಹರಟಿ ಹೊಡೀತಾರ. ಅದಕ್ಕ ಲೋವರ್ ಸೈಡ್‌ಬ್ಯಾಂಡ್ ಇಡ್ತಾರ. ಹರಟಿ ಮುಗಿಸಿ 7.074 ಮೆಗಾಹರ್ಟ್ಸಿಗೆ ಬಂದು ಅಪ್ಪರ್ ಸೈಡ್‌ಬ್ಯಾಂಡ್ ಮಾಡೋದು ಮರೀತಾರ. ಎಫ್‌ಟಿ8ಕ್ಕ ಯಾವ ಬ್ಯಾಂಡಿಗೆ ಹೋದ್ರೂ ಅಪ್ಪರೇ ಬೇಕು. ಲೋವರ್‌ದಾಗ ಗೆರಿ ಬಂದ್ರೂ ಮ್ಯಾಲಿನ ಸ್ವರ ಕೆಳಗ, ಕೆಳಗಿಂದು ಮ್ಯಾಲ. ನಾ ತಲಿಕೆಳಗ ನಿಂತು ಓದ್ಲೇನು?

ಪತ್ರಿಕೆ: ಅದನ್ನು ಸರಿಪಡಿಸಿದ ಮೇಲೆ?

ಕಂಪ್ಯೂಟರ್: ವಿಂಡೋಸ್ ಅಪ್‌ಡೇಟ್ ಬಂತು. ರಾತ್ರಿ ಬಂದು ಮನಿ ಸಾಮಾನೆಲ್ಲ ಅದಲು ಬದಲು ಮಾಡಿ ಹೋಗ್ತದ ಅದು. ರೇಡಿಯೋದಿಂದ ಬರೋ ಸೌಂಡ್ ಕಾರ್ಡ್ ಬಿಟ್ಟು ವೆಬ್‌ಕ್ಯಾಮಿನ ಮೈಕ್ ನನ್ನ ಕಿವಿ ಅಂತ ಠರಾಯಿಸ್ತು. ಮರುದಿನ ಪರದೆ ಮ್ಯಾಲ ಪಟ್, ಪಟ್, ಪಟ್ ಅಂತ ದಪ್ಪ ಪಟ್ಟಿ ಬಿದ್ವು. ಮಾಸ್ತರಿಗೆ ಕುಣಿಯೋದೊಂದು ಬಾಕಿ. ಇಷ್ಟು ಬಲವಾದ ಸಿಗ್ನಲ್ ಎಂದೂ ಬಂದಿಲ್ಲ, ರಷ್ಯಾದ್ದೇ ಇರಬೇಕು ಅಂದ್ರು. ಕೆಳಗ ಅವರ ಮನಿಯವರು ಜೋಳದ ರೊಟ್ಟಿ ಬಡೀತಿದ್ರು.

ಪತ್ರಿಕೆ: ನೀವು ಅದನ್ನೂ ಡಿಕೋಡ್ ಮಾಡಲಿಲ್ಲವೇ?

ಕಂಪ್ಯೂಟರ್: ಮಾಡ್ಲಿಲ್ಲ. ಅದು ನನ್ನ ದೊಡ್ಡ ಗುಣ, ಯಾರೂ ಹೊಗಳಂಗಿಲ್ಲ. ಇದನ್ನ ಸ್ವಲ್ಪ ನಿಧಾನ ಕೇಳ್ರಿ, ನಿಮ್ಮ ಕಸುಬಿಗೂ ಉಪಯೋಗ ಬೀಳ್ತದ. ಸನ್ನತಿ ನೋಡೀರೇನು? ಚಿತ್ತಾಪುರ ತಾಲೂಕಿಂದೇ, ಭೀಮಾ ದಂಡಿ ಮ್ಯಾಲಿನ ಊರು. 1986ರಾಗ ಅಲ್ಲಿ ಚಂದ್ರಲಾಂಬಾ ಗುಡಿ ಆವರಣದಾಗಿನ ಕಾಳಿ ಗುಡಿ ಮಾಳಗಿ ಕುಸೀತು. ಮೂರ್ತಿ ಕೆಳಗ ಪೀಠ ಆಗಿದ್ದ ಕಲ್ಲು ನೋಡಿದ್ರ ಅಶೋಕನ ಶಾಸನ! ಮೂರ್ತಿ ಕೂಡ್ಸೋ ಮುಂದ ಯಾರೋ ಕಲ್ಲಿನ ನಡಕ ತೂತು ಹೊಡದಿದ್ರು, ಅಷ್ಟು ಅಕ್ಷರ ಹಾಳಾಗಿ ಹೋಗಿದ್ವು. ಆದ್ರೂ ಪಂಡಿತರು ಓದಿದ್ರು. ಹ್ಯಾಂಗಂದ್ರ, ಅದೇ ಮಾತು ಅಶೋಕ ಒಡಿಶಾದ ಧೌಳಿ, ಜೌಗಡದಾಗೂ ಕೆತ್ತಿಸಿದ್ದ. ಇಲ್ಲಿ ಹೋದದ್ದು ಅಲ್ಲಿ ಉಳದಿತ್ತು.

ಎಫ್‌ಟಿ8ದಾಗೂ ಅದೇ ಜಾಣತನ. ಮಾತು 77 ಬಿಟ್. ಅದಕ್ಕ ಖರೇ-ಖೋಟಿ ನೋಡ್ಲಾಕ 14 ಬಿಟ್ ಪರೀಕ್ಷಾ ಮೊಹರು. ಅದರ ಮ್ಯಾಲ ಕೆಟ್ಟದ್ದನ್ನ ತುಂಬಿಕೊಡ್ಲಾಕ ಮತ್ತ 83. ಒಟ್ಟು 174 ಗಾಳ್ಯಾಗ ಬರ್ತಾವ. ದಾರ್ಯಾಗ ಕೆಲವು ಹಾಳಾದ್ರೂ ಉಳದವು ಸಾಕ್ಷಿ ಹೇಳ್ತಾವ, ನಾ ಪೂರಾ ಮಾತು ಕಟ್ತೀನಿ. ಕಟ್ಟಿದ ಮ್ಯಾಲ ಮೊಹರು ತಾಳೆ ಆಗಲಿಲ್ಲ ಅಂದ್ರ ಹರದು ಒಗೀತೀನಿ. ಓದಿದ್ರ ಪೂರ್ತಿ, ಇಲ್ಲಂದ್ರ ಇಲ್ಲ. ನಿಮ್ಮಂಗ ಅರ್ಧ ಕೇಳಿ ಪೂರ್ತಿ ಬರದು, ಕಡೀಕ ‘ಎಂದು ಹೇಳಲಾಗಿದೆ’ ಅಂತ ಹಚ್ಚೋದು ನನಗ ಬರಂಗಿಲ್ಲ.

ಪತ್ರಿಕೆ: (ಕೆಮ್ಮಿ) ಧ್ವನಿಯ ಮಟ್ಟದ್ದೂ ತಕರಾರು ಇತ್ತಂತೆ.

ಕಂಪ್ಯೂಟರ್: ಇತ್ರಿ. ಮಾಸ್ತರು ಸಾಲಿ ಕಲಿಸಿದವರು, ಕೇಳಸವಲ್ದು ಅಂದ್ರ ಜೋರಾಗಿ ಒದರಬೇಕು ಅನ್ನೋದು ಅವರ ಸಿದ್ಧಾಂತ. ಮೈಕ್ ಬೂಸ್ಟ್ ಪೂರಾ ಏರಿಸಿದ್ರು. ಬರೇ ಬ್ಯಾಂಡಿನ ಗದ್ದಲ ಇದ್ದಾಗ ನನ್ನ ಮೀಟರ್ 30 ಡೆಸಿಬೆಲ್ ಆಸುಪಾಸು ಹಸರ ತೋರ್ಸಬೇಕು. ಅದು ಕೆಂಪಾಗಿ ಕುಂತಿತ್ತು. ಒಬ್ಬ ಬಲವಾದವ ಬಂದ್ರ ಹತ್ತು ಮಂದಿ ಕ್ಷೀಣರು ಅವನ ಕೆಳಗ ಸಿಕ್ಕಿ ಸಾಯ್ತಿದ್ರು. ಅದರ ಮ್ಯಾಲ ಒಳಗ ‘ಸದ್ದು ನಿವಾರಣೆ’ ಚಾಲೂ ಇತ್ತು. ಅದಕ್ಕ ದೂರದವರ ಮಾತೇ ಸದ್ದು. ಬಡವರ ದನಿ ಗದ್ದಲ ಅಂತ ತಗದು ಹಾಕೋ ಸಾಫ್ಟ್‌ವೇರ್ ಯಾರು ಬರದಾರೋ, ಆದ್ರ ಎಲ್ಲಾ ಆಫೀಸಿಗೂ ಮಾರ್ಯಾರ.

ಪತ್ರಿಕೆ: ಮಾಸ್ತರು ಕರೆ ಕೊಟ್ಟಾಗ ನೀವು ಮೂರ್ಛೆ ಹೋಗುತ್ತೀರಂತೆ.

ಕಂಪ್ಯೂಟರ್: ಆಂಟೆನಾದ ಶಕ್ತಿ ಯುಎಸ್‌ಬಿ ವಾಯರ್ ಹಿಡಕೊಂಡು ನನ್ನೊಳಗ ಬರ್ತದ, ಮೌಸ್ ಕಲ್ಲಾಗ್ತದ. ವಾಯರ್ ಗಿಡ್ಡ ಮಾಡಿ ಫೆರೈಟ್ ಮಣಿ ತೊಡಸಿದ್ರ ಮುಕ್ಕಾಲು ಪಾಲು ನಿಲ್ತದ. ಅರ್ಥಿಂಗೂ ಬೇಕು, ಆದ್ರ ನಮ್ಮ ಕಡೆ ಕರಿಮಣ್ಣು ನಾಲ್ಕು ಅಡಿ ತಗದ್ರ ಕೆಳಗ ಶಹಾಬಾದ ಫರಸಿ ಹಾಸು. ಗುಂಡಿ ತೋಡೋನು ಹಾರಿ ಇಟ್ಟು ಹೋದವ ಇನ್ನೂ ಬಂದಿಲ್ಲ.

ಪತ್ರಿಕೆ: ಇಷ್ಟೆಲ್ಲ ಸರಿಮಾಡಿದರೂ ಅಕ್ಷರ ಬರುತ್ತಿಲ್ಲವಲ್ಲ?

ಕಂಪ್ಯೂಟರ್: ಅಬ್ಬ, ಕಡೀಕ ಕೇಳಿದ್ರಿ! ನನ್ನ ಗಡಿಯಾರ ಹಿಂದದ ರೀ.

ಪತ್ರಿಕೆ: ಎಷ್ಟು?

ಕಂಪ್ಯೂಟರ್: ಮೂರು ಸೆಕೆಂಡಿನ ಮ್ಯಾಲ.

ಪತ್ರಿಕೆ: ಅಷ್ಟೇನಾ? ಹತ್ತಕ್ಕೆ ಎಂದು ಕಾರ್ಡ್ ಹಂಚಿದ ಸಮಾರಂಭಕ್ಕೆ ನಮ್ಮಲ್ಲಿ ಉದ್ಘಾಟಕರು ಹನ್ನೆರಡಕ್ಕೆ ಬರುತ್ತಾರೆ.

ಕಂಪ್ಯೂಟರ್: ಅವರು ಎಫ್‌ಟಿ8 ಪ್ರಕಾರ ಸರಿಯಾಗೇ ಬಂದಾರ. ನಗಬ್ಯಾಡ್ರಿ, ಖರೇ ಹೇಳ್ತೀನಿ. ಇಲ್ಲಿ ಲೋಕ 15 ಸೆಕೆಂಡಿನ ಪಾಳಿ ಮ್ಯಾಲ ನಡೀತದ. ಪ್ರತಿ ಪಾಳಿಯೊಳಗ 12.64 ಸೆಕೆಂಡ್ ಮಾತು. ಉಳದ ಎರಡು ಚಿಲ್ಲರ ಸೆಕೆಂಡಿನಾಗ ನಾ ಓದಿ ಮುಗಿಸಬೇಕು, ಮಾಸ್ತರು ಜವಾಬು ಕೊಡಬೇಕು. ಪಾಳಿ ಎಲ್ಲಿ ಶುರು ಅನ್ನೋದು ಎಲ್ಲರಿಗೂ ಒಂದೇ ಇರಬೇಕು. ಎರಡು ತಾಸು ಅಂದ್ರ 15 ಸೆಕೆಂಡಿನ ಪೂರಾ ಲೆಕ್ಕ, ಪಾಳಿ ಕೆಡಂಗಿಲ್ಲ. ಗ್ರೀನಿಚ್ ಟೈಮಿಗೂ ನಮಗೂ ಇರೋ ಐದೂವರೆ ತಾಸಿನ ಲೆಕ್ಕ ಪೂರಾ ತಪ್ಪಿದ್ರೂ ನಾ ಸೈ ಓದ್ತೀನಿ. ಲಾಗ್ ಪುಸ್ತಕದಾಗ ಟೈಮ್ ತಪ್ಪು ಬೀಳ್ತದ, ಆ ಕಡೆಯವನ ಪುಸ್ತಕಕ್ಕ ತಾಳೆ ಆಗಂಗಿಲ್ಲ, ಅಷ್ಟೇ. ಆದ್ರ ಮೂರು ಸೆಕೆಂಡ್ ತಪ್ಪಿದ್ರ ಸರ್ವನಾಶ. ನಾ ಕಿವಿ ತೆರೆಯೋದ್ರಾಗ ಅವರ ಮಾತಿನ ತಲಿ ಹೋಗಿರ್ತದ.

ಪತ್ರಿಕೆ: ಮೊದಲೇ ಸೂಚನೆ ಇರಲಿಲ್ಲವೇ?

ಕಂಪ್ಯೂಟರ್: ಇತ್ತಲ್ರಿ, ಪರದೆ ಮ್ಯಾಲೇ ಇತ್ತು! ಡಿಟಿ ಅಂತ ಒಂದು ಅಂಕಣ ಅದ. ಯಾರು ಎಷ್ಟು ಮೊದಲ, ಎಷ್ಟು ತಡ ಅಂತ ತೋರಸ್ತದ. ಇನ್ನೂ ಅಕ್ಷರ ಬರ್ತಿದ್ದ ದಿನದಾಗ ಜಪಾನಿನವ ಮೈನಸ್ 1.4, ಇಂಡೋನೇಷ್ಯಾದವ ಮೈನಸ್ 1.5, ಇಟಲಿಯವ ಮೈನಸ್ 1.4. ಒಬ್ಬ ಹಂಗ ಬಂದ್ರ ಅವನ ಗಡಿಯಾರ ತಪ್ಪು ಅನ್ರಿ. ಊರ ಮಂದೆಲ್ಲ ಒಂದೂವರೆ ಸೆಕೆಂಡ್ ಮುಂಚೆ ಬಂದ್ರ ಹಿಂದ ಬಿದ್ದವ ಯಾರು? ಮಾಸ್ತರು ಆ ಅಂಕಣ ನೋಡಿ, ಹೊರದೇಶದವರಿಗೆ ಎಲ್ಲಾದಕ್ಕೂ ಅವಸರ ಅಂದು ಚಹಾ ಕುಡ್ಲಾಕ ಇಳದು ಹೋದ್ರು.

ಪತ್ರಿಕೆ: ಗಡಿಯಾರ ಹಿಂದೆ ಬೀಳಲು ಕಾರಣ?

ಕಂಪ್ಯೂಟರ್: ಬಿಸಲು. ನನ್ನೊಳಗ ಸೆಕೆಂಡಿಗೆ 32,768 ಸಲ ನಡಗೋ ಒಂದು ಹರಳದ. 25 ಡಿಗ್ರಿ ಆಸುಪಾಸಿನಾಗ ಅದು ಸರಿ ನಡೀತದ. ಬಿಸಿ ಆದ್ರೂ ಹಿಂದ, ತಣ್ಣಗಾದ್ರೂ ಹಿಂದ. 45 ಡಿಗ್ರಿಗೆ ದಿನಕ್ಕ ಸುಮಾರು ಒಂದು ಸೆಕೆಂಡ್ ಬಿಡ್ತದ. ಕಾಳಗಿ ಬ್ಯಾಸಿಗ್ಯಾಗ, ಫರಸಿ ಹೊಚ್ಚಿದ ಮಾಳಗಿ ಮ್ಯಾಲಿನ ಕೋಣ್ಯಾಗ ನೀವೇ ಕುಂತು ನೋಡ್ರಿ. ಅದರ ಮ್ಯಾಲ ಸೆಲ್ ಮುದುಕ ಆಗ್ಯದ, ಕರೆಂಟ್ ಹೋದಾಗ ಗಡಿಯಾರ ತೂಕಡಿಸ್ತದ. ನೆಟ್ ಇದ್ರ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಪರಮಾಣು ಗಡಿಯಾರದ ಟೈಮ್ ಪುಕ್ಕಟ ಕೊಡ್ತದ. ಮಾಸ್ತರ ಮೊಬೈಲ್ ನೆಟ್ ಐದು ನಿಮಿಷ ನನಗ ಕೊಟ್ಟಿದ್ರ ಸಾಕಿತ್ತು. ಅದು ಮೊಮ್ಮಗನ ಕಾರ್ಟೂನಿಗೆ ಮೀಸಲದ.

ಪತ್ರಿಕೆ: ರಿಪೇರಿಯವರು ಯಾರೂ ಗುರುತಿಸಲಿಲ್ಲವೇ?

ಕಂಪ್ಯೂಟರ್: ಸೇಡಮ್ಮಿನಿಂದ ಒಬ್ಬ ಹುಡುಗ ಬಂದಿದ್ದ. ಮುಚ್ಚಳ ತಗದು ನೋಡಿ, ಸರ್, ನಿಮ್ಮ ಆರ್‌ಟಿಸಿ ಸರಿ ಇಲ್ಲ ಅಂದ. ಗಡಿಯಾರದ ಚಿಪ್ಪಿಗೆ ಅವರು ಹಂಗೇ ಅಂತಾರ. ಮಾಸ್ತರು ಹೊಲದ ಪಹಣಿ ಹಿಡಕೊಂಡು ತಹಶೀಲ್ದಾರ ಆಫೀಸಿಗೆ ಹೋದ್ರು. ತಿದ್ದುಪಡಿ ಅರ್ಜಿ ಅಲ್ಲೇ ಅದ, ನಂಬರ್ ಬಂದಿಲ್ಲ.

ಪತ್ರಿಕೆ: ಹಾಗಾದರೆ ನಿಮ್ಮ ಬೇಡಿಕೆ?

ಕಂಪ್ಯೂಟರ್: ಒಂದು ಸಿಆರ್2032 ಸೆಲ್. ವಾಚ್ ರಿಪೇರಿ ಅಂಗಡ್ಯಾಗ ಸಿಗ್ತದ, ಸುಸಲಾ-ಮಿರ್ಚಿ ತಿಂದಷ್ಟೇ ರೊಕ್ಕ.

ಪತ್ರಿಕೆ: ಅದನ್ನು ಮಾಸ್ತರಿಗೆ ನೇರವಾಗಿ ಹೇಳಬಾರದೇ?

ಕಂಪ್ಯೂಟರ್: ಎಲ್ಲಿಂದ ಹೇಳ್ಲಿ? ನನ್ನ ಸ್ಪೀಕರಿನ ವಾಯರ್ ರೇಡಿಯೋಕ್ಕ ಜೋಡಿಸ್ಯಾರ. ನಾ ಬಾಯಿ ಬಿಟ್ರ ಅದು 14.074 ಮ್ಯಾಲ ಇಂಡೋನೇಷ್ಯಾಕ್ಕ ಹೋಗ್ತದ.

ಪತ್ರಿಕೆ: ಮಾಸ್ತರು ಎಲ್ಲಿ ಈಗ?

ಕಂಪ್ಯೂಟರ್: ದೊಡ್ಡ ಆಂಟೆನಾ ತರ್ತೀನಂತ ಹೈದರಾಬಾದಿಗೆ ಹೊಂಟಾರ. ವಾಡಿಗೆ ಹೋಗಿ ರೈಲು ಹಿಡೀತಾರ.

ಪತ್ರಿಕೆ: ರೈಲು ಸಿಕ್ಕೀತೇ?

ಕಂಪ್ಯೂಟರ್: ನನ್ನ ಗಡಿಯಾರ ನೋಡೇ ಮನಿ ಬಿಟ್ಟಾರ. ಆದ್ರ ಚಿಂತಿಲ್ರಿ, ಪ್ಯಾಸೆಂಜರ್ ಗಾಡಿ ಎಫ್‌ಟಿ8 ಅಲ್ಲ.