ನಿಷ್ಕಾಮ ಅಳತೆ: ಹೊಸೂರು ಸೀಮೆಯ ಡಬ್ಬಿಶೋಧ ಶಾಸ್ತ್ರ

ಸೂತ್ರ 1: ಇನ್ನು ಡಬ್ಬಿಯ ವಿಚಾರ.

ಸೂತ್ರದ ಮೊದಲ ಪದದ ಮೇಲೆಯೇ ಮೂರು ಪುಟ ಬರೆಯುವುದು ಭಾಷ್ಯಕಾರರ ವಾಡಿಕೆ. ಕಾಗದದ ಬೆಲೆ ನೋಡಿ ಅದನ್ನು ಕೈಬಿಡಲಾಗಿದೆ. ವಿಷಯ ಇಷ್ಟೇ: ಒಬ್ಬ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸಣ್ಣ ಪುಸ್ತಕವಿಟ್ಟು, ಅದನ್ನು ಬಂಡೆಯ ಸಂದಿಯಲ್ಲಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಊರಿಗೆಲ್ಲ ಸಾರುತ್ತಾನೆ. ಇನ್ನೊಬ್ಬ ಕೈಯಲ್ಲಿ ಜಿಪಿಎಸ್ ಹಿಡಿದು ಬಂದು, ಡಬ್ಬಿ ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಮನೆಗೆ ಹೋಗುತ್ತಾನೆ. ಇದಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ಇದರಿಂದ ಏನು ಸಿಕ್ಕಿತು ಎಂದು ಕೇಳುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವರು ಇಲ್ಲಿಂದಲೇ ಎದ್ದು ಹೋಗಬಹುದು.

ಉತ್ಪತ್ತಿ ಪ್ರಕರಣ ಚಿಕ್ಕದು. ಜಿಪಿಎಸ್ ಅಮೆರಿಕದ ಸೇನೆಯದು. ಸಾಮಾನ್ಯರ ಯಂತ್ರಕ್ಕೆ ಬರುವ ಸಂಕೇತವನ್ನು ಅವರು ಬೇಕೆಂದೇ ಕೆಡಿಸಿ, ನೂರು ಮೀಟರಿನಷ್ಟು ತಪ್ಪು ಬರುವಂತೆ ಇಟ್ಟಿದ್ದರು. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ಕೆಡಿಸುವಿಕೆಯನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಮೇ 3ಕ್ಕೆ ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟ. ಒಳಗೆ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸು ಇತ್ಯಾದಿ. ಈಗಿನ ನಿಯಮದಂತೆ ಡಬ್ಬಿಯನ್ನು ಹೂಳಕೂಡದು, ತಿನ್ನುವ ಪದಾರ್ಥ ಇಡಕೂಡದು. ಆದಿ ಡಬ್ಬಿ ಎರಡನ್ನೂ ಮುರಿದಿತ್ತು. ಮೂಲಪುರುಷರಿಗೆ ಎಲ್ಲ ಮತಗಳಲ್ಲೂ ಇಷ್ಟು ರಿಯಾಯಿತಿ ಉಂಟು.

ಸೂತ್ರ 2: ದೇಶ ತಿಳಿಯದೆ ಯಂತ್ರ ಕೊಳ್ಳಬಾರದು.

ಹೊಸೂರು, ಶೂಲಗಿರಿ, ರಾಯಕೋಟೆ, ಕೆಲಮಂಗಲ, ಡೆಂಕಣಿಕೋಟೆ, ತಳಿ ಇವು ಈ ಶಾಸ್ತ್ರದ ಕ್ಷೇತ್ರ. ನೋಡಿದಲ್ಲೆಲ್ಲ ಕಲ್ಲು, ಕಲ್ಲಿನ ಮೇಲೆ ಕೋಟೆ, ಕೋಟೆಯ ಕೆಳಗೆ ರಾಗಿ, ಟೊಮೆಟೊ, ಗುಲಾಬಿ, ಮಾವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು. ಡಬ್ಬಿ ಅಡಗಿಸಲು ಬ್ರಹ್ಮ ಇದಕ್ಕಿಂತ ತಕ್ಕ ನಾಡನ್ನು ಮಾಡಿಲ್ಲ. ಆದರೆ ಇದೇ ನಾಡು ಇನ್ನೂರು ವರ್ಷಗಳಿಂದ ಅಳೆಸಿಕೊಳ್ಳುತ್ತಾ ಬಂದಿದೆ. ತೊಡಕು ಇರುವುದು ಅಲ್ಲಿ.

1792ರಲ್ಲಿ ಟಿಪ್ಪು ಕೃಷ್ಣಗಿರಿ ಕಡೆಯ ಬಾರಾಮಹಲನ್ನು ಬಿಟ್ಟುಕೊಟ್ಟ. ಕಂಪನಿ ಸರ್ಕಾರದ ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೋ ಬಂದು 1799ರವರೆಗೆ ಹೊಲ ಹೊಲ ಅಳೆದರು. ಅಳತೆಯ ಹಿಂದೆ ಕಂದಾಯ ಬಂತು; ರೈತವಾರಿ ಪದ್ಧತಿ ಹುಟ್ಟಿದ್ದೇ ಹೀಗೆ. 1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್‌ನ ದಂಡು ರಾಯಕೋಟೆ, ಕೆಲಮಂಗಲದ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಯಿತು. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, ಏಪ್ರಿಲ್‌ನ ಒಂದು ಕತ್ತಲ ರಾತ್ರಿ ನಕ್ಷತ್ರ ನೋಡಿ, “ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ಹೋಗುತ್ತಿದ್ದೇವೆ” ಎಂದು ತನ್ನ ಜನರಲ್‌ಗೆ ಹೇಳಿ ದಂಡನ್ನು ತಿರುಗಿಸಿದ. ಉಪಗ್ರಹ ನೆಚ್ಚಿ ದಾರಿ ನೋಡುವವರೆಲ್ಲ ಮೊದಲು ನೆನೆಯಬೇಕಾದ ಪೂರ್ವಾಚಾರ್ಯ ಈತ. ಈತನೇ 1802ರಲ್ಲಿ ಮದರಾಸಿನಲ್ಲಿ ಗೆರೆ ಎಳೆದು, ಅರ್ಧ ಟನ್ ತೂಕದ ಥಿಯೊಡೊಲೈಟ್ ಹೊರಿಸಿಕೊಂಡು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಕಟ್ಟುತ್ತಾ 1804ಕ್ಕೆ ಬೆಂಗಳೂರು ಮುಟ್ಟಿದ. ಲೆಕ್ಕ ಹಾಕಿ ಪಡೆದ ಉದ್ದಕ್ಕೂ ಬೆಂಗಳೂರಿನ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಅಂಗೈಯಲ್ಲಿ ಹಿಡಿಯುವ ಇಂದಿನ ಯಂತ್ರ ಬಯಲಲ್ಲಿ ಮೂರು ಮೀಟರ್ ತಪ್ಪಿದರೆ ನಾವು ಸಂತೋಷಪಡುತ್ತೇವೆ.

ಬಳಿಕ 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಕೈಗಾರಿಕಾ ಸಂಸ್ಥೆಯಾದ ಸಿಪ್‌ಕಾಟ್‌ನವರು ಅಳೆದರು. ಹಿಂದೆಯೇ ಲಾರಿ, ಮೊಪೆಡ್ಡು, ಕೈಗಡಿಯಾರದ ಕಾರ್ಖಾನೆ ಬಂದವು. ವರ್ತುಲ ರಸ್ತೆಗೆ ಅಳೆದರು, ರಸ್ತೆ ಬಂತು. 2024ರ ಜೂನ್‌ನಲ್ಲಿ ಹೊಸೂರಿಗೆ 2,000 ಎಕರೆಯ ವಿಮಾನ ನಿಲ್ದಾಣ ಎಂದು ತಮಿಳುನಾಡು ಸರ್ಕಾರ ಸಾರಿತು. ಅಂದಿನಿಂದ ಹೊಲದ ಬದುವಿನ ಮೇಲೆ ಯಾರು ನಿಂತರೂ ಊರಿನ ಕಣ್ಣು ಅವರ ಕೈಯ ಮೇಲೆ.

ಇಷ್ಟರಿಂದ ಒಂದು ವ್ಯಾಪ್ತಿ ಸಿದ್ಧವಾಗುತ್ತದೆ: ಎಲ್ಲಿ ಅಳತೆಯೋ ಅಲ್ಲಿ ಹಿಂದೆಯೇ ಏನೋ ಒಂದು ಬರುತ್ತದೆ. ಅಳೆದು, ಏನನ್ನೂ ತರದೆ, ಏನನ್ನೂ ಒಯ್ಯದೆ ಹೋಗುವವನು ಡಬ್ಬಿಶೋಧಕನೊಬ್ಬನೇ. ಅವನದು ನಿಷ್ಕಾಮ ಅಳತೆ. ಇದನ್ನು ಅವನು ಅರಿತಿದ್ದಾನೆ, ನಾವು ಅರಿತಿದ್ದೇವೆ. ಊರಿನವರನ್ನು ನಂಬಿಸುವುದಷ್ಟೇ ಬಾಕಿ.

ಸೂತ್ರ 3: ಮತಗಳು ಮೂರು, ಜಗಳ ಒಂದೇ.

ಮೊಬೈಲ್‌ವಾದಿಗಳು ಹೇಳುತ್ತಾರೆ: ಜೇಬಿನಲ್ಲಿ ಫೋನಿರುವಾಗ ಇನ್ನೊಂದು ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಗೌರವ ದೋಷ. ಯಂತ್ರವಾದಿ: ಅತ್ತಿಬೆಲೆ ದಾಟಿದೊಡನೆ ನಿಮ್ಮ ಫೋನು ಕರ್ನಾಟಕವೋ ತಮಿಳುನಾಡೋ ಎಂದು ಒದ್ದಾಡುತ್ತದೆ, ಬೆಟ್ಟದ ಹಿಂದೆ ಟವರೇ ಇಲ್ಲ. ಮೊಬೈಲ್‌ವಾದಿ: ಸ್ಥಾನ ಹೇಳಲು ಫೋನಿಗೂ ಟವರ್ ಬೇಡ, ಬೇಕಾದದ್ದು ನಕ್ಷೆಗೆ, ಅದನ್ನು ಮನೆಯಲ್ಲೇ ಇಳಿಸಿಕೊಂಡು ಬರಬಹುದು. ಈ ಸುತ್ತಿನಲ್ಲಿ ಗೆಲುವು ಮೊಬೈಲ್‌ವಾದಿಯದೇ. ಪಕ್ಷಪಾತ ಶಾಸ್ತ್ರಕಾರನಿಗೆ ಸಲ್ಲದು. ಆದರೆ ಏಪ್ರಿಲ್‌ನ ನಡುಹಗಲಲ್ಲಿ ರಾಯಕೋಟೆಯ ಬಂಡೆಯ ಮೇಲೆ ಫೋನಿನ ಪರದೆ ಕಾಣದು, ಮೈ ಕಾದು ತಾನೇ ಮಲಗುತ್ತದೆ, ಕೈ ಜಾರಿದರೆ ಗಾಜು ಪುಡಿ. ಯಂತ್ರದ ಪರದೆ ಬಿಸಿಲಲ್ಲೇ ಚೆನ್ನಾಗಿ ಕಾಣುತ್ತದೆ, ಬಿದ್ದರೆ ಎದ್ದು ಬರುತ್ತದೆ, ಅದರ ಎರಡು ಪೆನ್‌ಸೆಲ್ಲು ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕೆ ಮನೆಯಿಂದ ಕರೆ ಬರುವುದಿಲ್ಲ.

ಮೂರನೆಯವರು ಕೂಗಳತೆವಾದಿಗಳು. ಇವರು ಸ್ಥಳೀಯರು, ಪುರಾತನರು. “ಅಲ್ಲೇ ಸ್ವಾಮಿ, ಒಂದು ಕೂಗಳತೆ” ಎಂಬುದು ಇವರ ಏಕೈಕ ಪ್ರಮಾಣ. ಬ್ಯಾಟರಿ ಬೇಡ, ಉಪಗ್ರಹ ಬೇಡ. ದೋಷವೆಂದರೆ ಕೂಗುವವನ ಗಂಟಲಿನ ಮೇಲೆ ದೂರ ನಿಂತಿದೆ. ನಿಖರತೆಯ ಹದ್ದನ್ನು ಇವರು ಇನ್ನೂ ಪ್ರಕಟಿಸಿಲ್ಲ.

ಸೂತ್ರ 4: ಯಂತ್ರದ ಲಕ್ಷಣ ಪರೀಕ್ಷಿಸತಕ್ಕದ್ದು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಸ್ಥಾನ ತಿಳಿಯಲು ಮೂರು ಸಾಲವು, ನಾಲ್ಕು ಬೇಕು. ನಾಲ್ಕನೆಯದು ನಮ್ಮ ಕೈಯಲ್ಲಿರುವ ಯಂತ್ರದ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ನೆಲದ ಮೇಲೆ 300 ಮೀಟರ್ ತಪ್ಪುತ್ತದೆ. ಕೈಗಡಿಯಾರದ ಊರಾದ ಹೊಸೂರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಮೆರಿಕದ್ದರ ಜೊತೆಗೆ ರಷ್ಯದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ನಮ್ಮ ಇಸ್ರೋದ ನಾವಿಕ್ ಇವೆಲ್ಲದರ ಮಾತು ಕೇಳುವ ಯಂತ್ರ ಉತ್ತಮ. ನಾವಿಕ್‌ನ ಲೆಕ್ಕಪತ್ರ ನಡೆಯುವುದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ. ಆಕಾಶದಲ್ಲೂ ನಮ್ಮ ಕಡೆಯವರು ಯಾರಾದರೂ ಇರಲಿ ಎಂಬ ಆಸೆ ಸಹಜವಾದದ್ದು.

ಆಯ್ಕೆಯ ಮರ್ಮ ದಿಕ್ಸೂಚಿಯಲ್ಲಿದೆ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್‌ಗೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ, 32ಎಕ್ಸ್‌ಗೆ ಉಂಟು. ಇಲ್ಲದ ಯಂತ್ರ, ನೀವು ನಡೆದರೆ ಮಾತ್ರ ದಿಕ್ಕು ಹೇಳುತ್ತದೆ. ನಿಂತರೆ ಮುಳ್ಳು ಮರೆವು ಬಂದಂತೆ ತಿರುಗುತ್ತದೆ. ಆದ್ದರಿಂದ ಡಬ್ಬಿಯ ಬಳಿ ಬಂದ ಶೋಧಕ ಒಂದೇ ಬಂಡೆಯನ್ನು ಸುತ್ತು ಹಾಕುತ್ತಲೇ ಇರುತ್ತಾನೆ. ದಿಕ್ಸೂಚಿ ಇರುವ ಯಂತ್ರವನ್ನೋ ಆಗಾಗ ಹದಗೊಳಿಸಬೇಕು, ಅಂದರೆ ಕೈಯಲ್ಲಿ ಹಿಡಿದು ಮೂರು ದಿಕ್ಕಿಗೂ ನಿಧಾನವಾಗಿ ಉರುಳಿಸಬೇಕು. ದೂರದಿಂದ ನೋಡುವವರಿಗೆ ಮೊದಲನೆಯದು ಪ್ರದಕ್ಷಿಣೆ, ಎರಡನೆಯದು ನಿವಾಳಿಸುವುದು. ಎರಡನ್ನೂ ಈ ಸೀಮೆಯಲ್ಲಿ ಮಾಡುವವರು ನಿಧಿಗಳ್ಳರು. ಅಮಾವಾಸ್ಯೆಯ ಮುಂದೆ ಹಿಂದೆ ಶೋಧ ಮಾಡಬಾರದೆಂಬ ನಿಯಮ ಇದರಿಂದ ಹುಟ್ಟಿದೆ.

ಬ್ಯಾಟರಿ: 22ಎಕ್ಸ್ ಎರಡು ಪೆನ್‌ಸೆಲ್ಲಿನಲ್ಲಿ 25 ಗಂಟೆ ಬಾಳುತ್ತದೆಂದು ತಯಾರಕರ ಮಾತು, ಇಟ್ರೆಕ್ಸ್ ಎಸ್‌ಇ 168 ಗಂಟೆ, ಜಿಪಿಎಸ್‌ಮ್ಯಾಪ್ 67 ತನ್ನ ಒಳಗಿನ ಬ್ಯಾಟರಿಯಲ್ಲಿ 180 ಗಂಟೆ. ಏಳೂವರೆ ದಿನ ಬಿಡದೆ ಹುಡುಕುವವನಿಗೆ ಬೇಕಾದದ್ದು ಬೇರೆ ಚಿಕಿತ್ಸೆ.

ಸೂತ್ರ 5: ಚುಕ್ಕಿ ತಪ್ಪಿದರೆ ರಾಜ್ಯ ತಪ್ಪುತ್ತದೆ.

ಡಬ್ಬಿಶೋಧದ ಲೋಕ ಅಂಶ, ಕಲೆ (ಅಂಶದ ಅರವತ್ತನೆಯ ಪಾಲು), ಕಲೆಯ ಮೂರು ದಶಮಾಂಶಗಳಲ್ಲಿ ಬರೆಯುತ್ತದೆ; ಫೋನಿನ ನಕ್ಷೆಗಳು ಬರಿಯ ಅಂಶದ ದಶಮಾಂಶದಲ್ಲಿ. ಹೊಸೂರು ಪೇಟೆ ಮೊದಲ ರೀತಿಯಲ್ಲಿ ಸುಮಾರು ಉತ್ತರ 12° 44.4′, ಪೂರ್ವ 77° 49.8′. ಅವಸರದವನು ಇದನ್ನು 12.44, 77.49 ಎಂದು ಒತ್ತಿದನೆನ್ನಿ. ಯಂತ್ರ ಎದುರಾಡದೆ ಅವನನ್ನು ಸುಮಾರು 50 ಕಿ.ಮೀ. ನೈಋತ್ಯಕ್ಕೆ, ಕನಕಪುರ ಸೀಮೆಯ ಕಾಡಿಗೆ ಕಳಿಸುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಗದೇ ಹೋದದ್ದು ಒಂದು ಚುಕ್ಕಿಯಿಂದ ಆಗುತ್ತದೆ: ಹೊಸೂರು ಕರ್ನಾಟಕಕ್ಕೆ ಸೇರುತ್ತದೆ. ಅಭಿಮಾನಿಗಳು ಇದನ್ನು ಹೋರಾಟದ ಮಾರ್ಗವಾಗಿ ಬಳಸಬಾರದೆಂದು ವಿನಂತಿ.

ಎರಡನೆಯ ಬಲೆ ಡೇಟಮ್, ಅಂದರೆ ನಕ್ಷೆ ಬರೆಯುವವರು ಭೂಮಿಯ ಆಕಾರ ಹೀಗೆಂದು ಹಿಡಿದ ಲೆಕ್ಕ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳು ಎವರೆಸ್ಟ್‌ನ 1830ರ ಭೂಮಿಯ ಮೇಲೆ ಬರೆದವು. ಈ ಜಾರ್ಜ್ ಎವರೆಸ್ಟ್ ಲ್ಯಾಂಬ್ಟನ್‌ನ ಸಹಾಯಕನಾಗಿದ್ದು ಅವನ ನಂತರ ಅದೇ ಗಾದಿಗೆ ಬಂದವನು. ಯಂತ್ರ ಬಲ್ಲದ್ದು ಡಬ್ಲ್ಯುಜಿಎಸ್ 84ರ ಭೂಮಿ. ಎರಡು ಭೂಮಿಗಳ ನಡುವೆ ಈ ಸೀಮೆಯಲ್ಲಿ ನೂರು ಮೀಟರಿಗೂ ಮೀರಿದ ಅಂತರವುಂಟು. ಹಳೆಯ ನಕ್ಷೆಯ ಅಂಕಿಯನ್ನು ಹಾಗೇ ಒತ್ತಿದರೆ ಡಬ್ಬಿ ಮಾವಿನ ತೋಪಿನಲ್ಲಿ, ಶೋಧಕ ಪಕ್ಕದ ಕೆರೆಯಲ್ಲಿ.

ಅಂಕಿ ಸರಿಯಿದ್ದರೂ ಕಲೆಯ ಮೂರನೆಯ ದಶಮಾಂಶದ ಬೆಲೆ 1.8 ಮೀಟರ್ ಮಾತ್ರ, ಯಂತ್ರದ ತಪ್ಪು ಅದಕ್ಕಿಂತ ಹೆಚ್ಚು. ಬಂಡೆಯ ಗೋಡೆಗೆ ತಾಗಿ ಬರುವ ಸಂಕೇತ ಇನ್ನಷ್ಟು ಸುಳ್ಳು ಹೇಳುತ್ತದೆ. ಕೊನೆಯ ಹತ್ತು ಮೀಟರಿನಲ್ಲಿ ಯಂತ್ರವನ್ನು ಜೇಬಿಗಿಳಿಸಿ ಕಣ್ಣು ತೆರೆಯತಕ್ಕದ್ದು. ಎಲ್ಲ ಮತದವರೂ ಒಪ್ಪಿರುವ ಮಾತು ಇದೊಂದೇ.

ಸೂತ್ರ 6: ಕೇಳುವವರು ಬಂದೇ ಬರುತ್ತಾರೆ.

ನಿದರ್ಶನ. ಶೋಧಕ ಶೂಲಗಿರಿಯ ಆಚೆ ಒಂದು ಬಂಡೆಯ ಬುಡದಲ್ಲಿ ನಿಂತಿದ್ದಾನೆ. ಕೈಯಲ್ಲಿ ಯಂತ್ರ ಪೀಂ ಎನ್ನುತ್ತದೆ. ಟೊಮೆಟೊ ಕಡ್ಡಿ ಕಟ್ಟುತ್ತಿದ್ದ ಯಜಮಾನ ಟವೆಲು ಕೊಡವಿ ಬರುತ್ತಾನೆ.

“ಏನ್ ಸಾರ್, ರಿಂಗ್ ರೋಡಾ, ಏರ್‌ಪೋರ್ಟಾ?”

“ಎರಡೂ ಅಲ್ಲ ಯಜಮಾನ್ರೇ. ಇಲ್ಲೊಂದು ಡಬ್ಬಿ ಐತಂತೆ, ಹುಡುಕ್ತಾ ಇವ್ನಿ.”

“ಡಬ್ಬೀಲಿ ಏನೈತೆ?”

“ಒಂದು ಪುಸ್ತಕ. ಹೆಸರು ಬರೆದು ಹೋಗ್ತೀನಿ.”

“ಹೆಸರು ಬರ್ಕೊಂಡು ಹೋಗಾಕೇ ಬಂದಿರೋದು ಅನ್ನಿ. ಇದು ನಮ್ಮ ಪಟ್ಟಾ ಜಮೀನು ಸಾರ್. ಸರ್ಕಾರಿ ಪೊರಂಬೋಕು ಆ ಕಡೆ. ಸೆಂಟಿಗೆ ಎಷ್ಟು ಕೊಡ್ತಾರಂತೆ?”

ಶೋಧಕನ ಪ್ರತಿ ನಿಜವೂ ಇಲ್ಲಿ ಅವನ ವಿರುದ್ಧದ ಸಾಕ್ಷ್ಯ. ಯಜಮಾನನ ತರ್ಕದಲ್ಲಿ ದೋಷವಿಲ್ಲ: ಅಳೆಯುವವರು ಬಂದರು, ಪುಸ್ತಕದಲ್ಲಿ ಹೆಸರು ಬರೆದರು, ಏನೂ ಇಲ್ಲ ಎಂದರು. ಹಿಂದಿನವರೂ ಇಷ್ಟನ್ನೇ ಮಾಡಿದ್ದು. ಸಂಜೆಯೊಳಗೆ ಗ್ರಾಮಾಡಳಿತಾಧಿಕಾರಿ ವಿಎಓಗೆ ಫೋನು ಹೋಗುತ್ತದೆ. ವಿಎಓ ತಹಶೀಲ್ದಾರರನ್ನು ಕೇಳುತ್ತಾರೆ. ಅವರಿಗೂ ಗೊತ್ತಿಲ್ಲವೆಂದಾದ ಮೇಲೆ ಯೋಜನೆ ಖಚಿತವಾಗುತ್ತದೆ.

ಪರಿಹಾರವಾಗಿ ಕೆಲವರು, ಯಂತ್ರವನ್ನು ಅಂಗೈ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಮೆಲ್ಲಗೆ ನಡೆದರೆ ನೀರು ನೋಡುವವನೆಂದು ಭಾವಿಸಿ ಮಜ್ಜಿಗೆ ಕೊಡುತ್ತಾರೆ ಎನ್ನುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಬೋರ್‌ವೆಲ್ ಜಾಗ ತೋರಿಸುವವರಿಗೆ ಇಲ್ಲಿ ಮರ್ಯಾದೆ ಉಂಟೆಂಬುದು ನಿಜ. ಈ ಉಪಾಯವನ್ನು ಶಾಸ್ತ್ರ ಒಪ್ಪುವುದಿಲ್ಲ. ಶೋಧಕ ಡಬ್ಬಿ ಸಿಕ್ಕ ಖುಷಿಯಲ್ಲಿ “ಸಿಕ್ತು!” ಎಂದು ಕೂಗಿದ ಜಾಗದಲ್ಲಿ ಮರುದಿನ ರಿಗ್ ಲಾರಿ ಬಂದು ನಿಲ್ಲುತ್ತದೆ. ಸಾವಿರ ಅಡಿಗೂ ನೀರು ಬೀಳದಿದ್ದರೆ ಅಕ್ಷಾಂಶ ರೇಖಾಂಶ ಸಮೇತ ಅವನ ಹೆಸರು ಪುಸ್ತಕದಲ್ಲಿದೆ.

ಸೂತ್ರ 7: ಬೇಡವೆಂದದ್ದು ಬೇಡ.

ರಾಗಿ ತೆನೆ ತುಂಬುವ ಕಾಲಕ್ಕೆ ಬನ್ನೇರುಘಟ್ಟದಿಂದ ಜವಳಗಿರಿಯ ಹಾದಿಯಾಗಿ ಆನೆ ಹಿಂಡು ಬರುತ್ತದೆ. ಸಾನಮಾವಿನ ಕಾಡಿನಲ್ಲಿ ಬೀಡು ಬಿಡುತ್ತದೆ. ಡಬ್ಬಿಯ ಕಷ್ಟವನ್ನು 1ರಿಂದ 5ರವರೆಗೆ ಅಂಕಗಳಲ್ಲಿ ಹೇಳುವ ಪದ್ಧತಿಯಲ್ಲಿ ಆನೆಗೆ ಅಂಕವಿಲ್ಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮೀಸಲು ಕಾಡಿಗೆ ಕಾಲಿಡಬಾರದು. ಮಲ್ಲಚಂದ್ರದ ಕಲ್ಗೋರಿಗಳು, ಹೊಲದ ಬದಿಯ ವೀರಗಲ್ಲುಗಳು ಡಬ್ಬಿ ಇಡುವ ಗೂಡುಗಳಲ್ಲ. ನಿಧಿಯಾಸೆಗೆ ಅಗೆದವರ ಕಾಟವೇ ಅವಕ್ಕೆ ಸಾಕಾಗಿದೆ. ಯಂತ್ರ ಕೊಳ್ಳುವಾಗ ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ಜಾತಿಯದನ್ನು ತರಬಾರದು. ಪರವಾನಗಿಯಿಲ್ಲದೆ ಅಂಥದ್ದು ಭಾರತದಲ್ಲಿ ನಿಷಿದ್ಧ. ವಿಮಾನ ನಿಲ್ದಾಣದಲ್ಲಿ ಅದರೊಡನೆ ಸಿಕ್ಕಿಬಿದ್ದ ಪ್ರವಾಸಿಗಳುಂಟು. ಬರಿಯ ಸ್ಥಾನ ಹೇಳುವ ಯಂತ್ರ ಸಾಕು. ನಾವೆಲ್ಲಿದ್ದೇವೆಂದು ನಮಗೆ ತಿಳಿದರಾಯಿತು. ಲೋಕಕ್ಕೆ ತಿಳಿಸಲು ಯಜಮಾನರಿದ್ದಾರೆ.

ಫಲಶ್ರುತಿ

ಈ ಶಾಸ್ತ್ರವನ್ನು ಓದಿದವರಿಗೆ ನಾಲ್ಕು ಉಪಗ್ರಹ ಸದಾ ಕಾಣುತ್ತವೆ. ಕೇಳಿದವರಿಗೆ ಚುಕ್ಕಿ ತಪ್ಪುವುದಿಲ್ಲ. ಬರೆದು ಹಂಚಿದವರಿಗೆ ಪೆನ್‌ಸೆಲ್ಲು ಬೇಗ ಮುಗಿಯುವುದಿಲ್ಲ. ಡಬ್ಬಿಯನ್ನು ತನ್ನ ಜಮೀನಿನಲ್ಲಿ ಇಡಿಸಿಕೊಂಡವನಿಗೆ, ಅಳೆಯುವವರು ವಾರಕ್ಕೊಬ್ಬರಂತೆ ಬಂದುಹೋಗುವುದನ್ನು ಅಕ್ಕಪಕ್ಕದವರು ನೋಡಿ, ಸೆಂಟಿನ ಬೆಲೆ ತಾನಾಗಿ ಏರುತ್ತದೆ. ಅಳತೆ ನಿಷ್ಕಾಮವಾಗಿರಬಹುದು, ಹೊಸೂರಿನಲ್ಲಿ ಫಲ ಕೊಡದೆ ಬಿಡುವುದಿಲ್ಲ. ದಲ್ಲಾಳಿ ಕಮಿಷನ್‌ನಲ್ಲಿ ಶಾಸ್ತ್ರಕಾರನಿಗೂ ಪಾಲುಂಟು ಎಂಬಲ್ಲಿಗೆ ಗ್ರಂಥ ಸಮಾಪ್ತಿ.