ಕ್ರೂಸರ್ ಏರಿದ ಕ್ಯಾಪ್ಟನ್

ಕಂಪ್ಲಿ ಕಡೆಯ ನಮ್ಮ ಮೆಟ್ರಿಯಿಂದ ಸಮುದ್ರ ನೋಡಲು ಹೊರಟರೆ ಕಾರವಾರಕ್ಕೋ ಗೋವಾಕ್ಕೋ ಒಂದಿಡೀ ರಾತ್ರಿಯ ದಾರಿ. ಹಾಗಂತ ನಮ್ಮ ಸೀಮೆಗೆ ಸಮುದ್ರದ ಕೊರತೆಯೇನಿಲ್ಲ. ದೇವಸಮುದ್ರ ಇದೆ, ರಾಮಸಾಗರ ಇದೆ, ಬುಕ್ಕಸಾಗರ ಇದೆ; ಎಲ್ಲವೂ ಊರುಗಳು. ತುಂಗಭದ್ರಾ ಜಲಾಶಯಕ್ಕೂ ಪಂಪಾಸಾಗರವೆಂದೇ ಹೆಸರು. ಇಷ್ಟು ಸಾಗರಗಳ ನಡುವೆ ಒಬ್ಬ ಕ್ಯಾಪ್ಟನ್ ಹುಟ್ಟದಿದ್ದರೆ ಹೇಗೆ? ಹುಟ್ಟಿದ್ದಾನೆ.

ಈತ ಸೈನ್ಯದವನಲ್ಲ, ಕ್ರಿಕೆಟ್ಟಿನವನೂ ಅಲ್ಲ. ಕಂಪ್ಲಿಯಲ್ಲಿ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆ ಮಾರುವ ಅಂಗಡಿಯವನು. ಒಂದು ವರ್ಷ ಯೂರಿಯಾ ಚೀಲದ ಜೊತೆ ಯಾರೂ ಕೇಳದ ಡಬ್ಬಿಯೊಂದನ್ನು ರೈತರಿಗೆ ಗಂಟುಹಾಕಿ ಟಾರ್ಗೆಟ್ ಮುಟ್ಟಿಸಿದ. ಕಂಪನಿಯವರು ಖುಷಿಯಾಗಿ ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಕರೆದುಕೊಂಡು ಹೋದರು. ಎರಡು ರಾತ್ರಿ. ಆ ಎರಡು ರಾತ್ರಿಯ ಬಂಡವಾಳದ ಮೇಲೆ ಆತ ಉಳಿದ ಆಯುಷ್ಯದ ವ್ಯವಹಾರವನ್ನೆಲ್ಲ ನಡೆಸುತ್ತಿದ್ದಾನೆ.

ಇಂಥವರನ್ನು ಗುರುತಿಸುವುದು ಕಷ್ಟವಲ್ಲ. ಹಡಗಿನ ಕೋಣೆಯ ಬಾಗಿಲು ತೆಗೆಯಲು ಕೊಟ್ಟ ಕಾರ್ಡು ಇನ್ನೂ ಕೊರಳಲ್ಲಿ ನೇತಾಡುತ್ತಿರುತ್ತದೆ. ಮುಂಬೈ ಫುಟ್‌ಪಾತಿನಲ್ಲಿ ಕೊಂಡ, ಲಂಗರಿನ ಚಿತ್ರವಿರುವ ಬಿಳಿ ಟೋಪಿ ತಲೆಯ ಮೇಲಿರುತ್ತದೆ. ಮನೆಯ ಮಾಳಿಗೆಗೆ ‘ಡೆಕ್ಕು’ ಎನ್ನುತ್ತಾನೆ. ಕಂಪ್ಲಿಯ ಹೋಟೆಲಿನಲ್ಲಿ ಬಿಸಿಬಿಸಿ ಒಗ್ಗರಣೆ, ಮಿರ್ಚಿ ಎದುರಿಗಿದ್ದರೂ ಕೈ ಹಾಕುವ ಮುಂಚೆ ಒಂದು ನಿಟ್ಟುಸಿರು: “ಬಫೆದಾಗ ಇಂಥಾವ ನಲವತ್ತು ಐಟಮ್ ಇದ್ದುವಲೇ.” ಹೋಟೆಲಿನ ಯಜಮಾನರು ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟರು: “ಅಲ್ಲಿ ಮಿರ್ಚಿ ಇತ್ತೇನಪಾ?” ಇರಲಿಲ್ಲವಂತೆ. “ಮತ್ತ ಸುಮ್ಮನ ತಿನ್ನು.”

ಅದೇ ಹಡಗಿನಲ್ಲಿ ಜೊತೆಗೆ ಹೋಗಿದ್ದ ಸಿರುಗುಪ್ಪ ಕಡೆಯ ಅಂಗಡಿಯವರೊಬ್ಬರು ಹೇಳುವ ಕಥೆ ಸ್ವಲ್ಪ ಬೇರೆ. ಕಂಪನಿಯವರು ಕೊಟ್ಟದ್ದು ಕಿಟಕಿಯೇ ಇಲ್ಲದ ಒಳಗಿನ ಕೋಣೆ. ಹಡಗು ಹೊರಡುವ ಮುಂಚೆ ಎಲ್ಲರನ್ನೂ ಸೇರಿಸಿ ಲೈಫ್ ಜಾಕೆಟ್ ತೊಡುವುದು ಹೇಗೆಂದು ತೋರಿಸುತ್ತಾರಲ್ಲ, ಅದನ್ನು ನೋಡಿ ನಮ್ಮ ಕ್ಯಾಪ್ಟನ್ ಗಾಬರಿಬಿದ್ದು, ರಾತ್ರಿ ಜಾಕೆಟ್ ತೊಟ್ಟುಕೊಂಡೇ ಮಲಗಿದನಂತೆ. ಹೊಟ್ಟೆ ತೊಳಸಿ ನಲವತ್ತು ಐಟಮ್ಮಿನಲ್ಲಿ ಒಳಗೆ ಹೋದದ್ದು ಮೊಸರನ್ನ ಒಂದೇ. ಈ ಕಥೆ ಎಷ್ಟು ನಿಜವೋ ಗೊತ್ತಿಲ್ಲ. ಸಿರುಗುಪ್ಪದವರಿಗೂ ಕಂಪ್ಲಿಯವರಿಗೂ ವ್ಯಾಪಾರದ ಪೈಪೋಟಿ ಇದ್ದದ್ದೇ.

ಬೇಸಿಗೆ ಬೆಳೆಯ ಭತ್ತ ಕೊಯ್ದು, ಮಿಷಿನ್ನುಗಳು ಊರು ಬಿಟ್ಟು, ಕಾಲುವೆಗೆ ನೀರು ನಿಂತಿತೆಂದರೆ ನಮ್ಮ ಕಡೆ ಗಂಡಸರಿಗೆ ಕಟ್ಟೆಯೇ ಗತಿ. ಕ್ಯಾಪ್ಟನ್ನಿಗೆ ಸೀಜನ್ ಶುರುವಾಗುವುದು ಆಗಲೇ. ವಾಟ್ಸಾಪಿನಲ್ಲಿ ‘ಮೆಟ್ರಿ ಕ್ರೂಸ್ ಟೀಮ್’ ಹುಟ್ಟುತ್ತದೆ. ರಿಟೈರಾದ ಮೇಷ್ಟ್ರು, ರೈಸ್‌ಮಿಲ್ಲಿನ ಗುಮಾಸ್ತರು, ಪಂಚಾಯ್ತಿಯ ಮಾಜಿ ಮೆಂಬರು, ರಜೆಗೆ ಬಂದ ಬೆಂಗಳೂರಿನ ಅಳಿಯಂದಿರು, ನಾನು, ಹೀಗೆ ಕೇಳದೆಯೇ ಎಲ್ಲರೂ ಒಳಗೆ. ಮೊದಲ ದಿನ ಲಕ್ಷದ್ವೀಪ. ಲೆಕ್ಕ ಹಾಕಿದ ಮೇಲೆ ಮುಂಬೈ–ಗೋವಾ. ಮನೆಯಲ್ಲಿ ಹೆಂಡಂದಿರಿಗೆ ತಿಳಿದ ಮೇಲೆ ಪಣಜಿಯ ಮಾಂಡೋವಿ ನದಿಯಲ್ಲಿ ಒಂದು ತಾಸಿನ ಬೋಟು. ಮಿಲ್ಲಿನಿಂದ ಭತ್ತದ ದುಡ್ಡು ಇನ್ನೂ ಬಂದಿಲ್ಲವೆಂದು ನೆನಪಾದ ಮೇಲೆ ಹಂಪಿಯ ಚಕ್ರತೀರ್ಥದ ಹರಿಗೋಲು. ಲಕ್ಷದ್ವೀಪದಿಂದ ಚಕ್ರತೀರ್ಥಕ್ಕೆ ಇಳಿಯಲು ನಾಲ್ಕೇ ದಿನ ಹಿಡಿಯಿತು. ಕ್ಯಾಪ್ಟನ್ ಮಾತ್ರ ದಣಿಯಲಿಲ್ಲ. “ನೀರು ನೀರೇ. ಮೇಲೆ ತೇಲಿದ್ರಾತು, ಅದು ಕ್ರೂಸೇ.”

ಮೆಂಬರು ಮನೆಯಲ್ಲಿ ತಾಯಿಗೆ ಹೇಳಿದರು: “ಅವ್ವಾ, ನಾಳೆ ಕ್ರೂಸಿಗೆ ಹೊಂಟೀವಿ.” ಮುದುಕಿಗೆ ಕಿವಿ ಚುರುಕು. “ಕ್ರೂಸರ್ರಾ? ಯಾರದು ಮದುವಿ?”

ಆ ತಾಯಿ ಕೇಳಿದ್ದರಲ್ಲಿ ತಪ್ಪಿಲ್ಲ. ಮದುವೆಯ ದಿಬ್ಬಣ, ಮಂತ್ರಾಲಯ, ಉಳವಿ ಜಾತ್ರೆ, ಕೂಲಿಯವರನ್ನು ಕರೆದೊಯ್ಯುವುದು, ಎಲ್ಲಕ್ಕೂ ನಮ್ಮಲ್ಲಿ ಕ್ರೂಸರ್ ಗಾಡಿಯೇ. ಬೆಳಿಗ್ಗೆ ಐದಕ್ಕೆ ಹೊರಡಬೇಕೆಂದು ಕ್ಯಾಪ್ಟನ್ ಆರ್ಡರ್ ಮಾಡಿದ್ದ. ಎಂಟೂವರೆಗೆ ಬಂದು ನಿಂತದ್ದೂ ಅದೇ. ಸೀಟು ಹನ್ನೆರಡು, ಹತ್ತಿದವರು ಹದಿನೇಳು. ಹೊರಡುವ ಮುಂಚೆ ‘ಸೇಫ್ಟಿ ಡ್ರಿಲ್’ ಆಗಲೇಬೇಕೆಂದು ಕ್ಯಾಪ್ಟನ್ ಹಟ ಹಿಡಿದ. ಡ್ರೈವರ್ ಬೀಡಿ ಆರಿಸಿ ಡ್ರಿಲ್ ಮುಗಿಸಿದ: “ಹಿಂದಿನ ಬಾಗಲಾ ತಾನೇ ತಕ್ಕೊಂತತಿ. ಯಾರಾರ ಒಬ್ರು ಹಿಡಕೊಂಡು ಕುಂದರ್‍ರಿ.”

ಒಂದು ಮಾತು ಒಪ್ಪಿಕೊಳ್ಳಬೇಕು. ಹಂಪಿ ನಮಗೆ ಪಕ್ಕದ್ದೇ, ಆದರೆ ನಾವು ಹಂಪಿ ನೋಡುವುದಿಲ್ಲ. ನೆಂಟರು ಬಂದಾಗ ಗುಡಿಯ ಬಾಗಿಲವರೆಗೆ ಬಿಟ್ಟು ಬರುತ್ತೇವೆ, ಜಾತ್ರೆಗೆ ಹೋಗಿ ತೇರಿಗೆ ಬಾಳೆಹಣ್ಣು ಎಸೆದು ಬರುತ್ತೇವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವನ್ನು ಫ್ರಾನ್ಸಿನವರು ಸೈಕಲ್ ಬಾಡಿಗೆ ಹಿಡಿದು ಕಲ್ಲುಕಲ್ಲೂ ನೋಡಿಹೋಗುತ್ತಾರೆ. ನಾವು ಆ ಸೈಕಲ್ಲಿಗೆ ಹಾರ್ನ್ ಹೊಡೆದು ಮುಂದೆ ಹೋಗುತ್ತೇವೆ. ಮೆಟ್ರಿಯ ಇಷ್ಟು ಜನ ಗಂಡಸರನ್ನು ನಡುಮಧ್ಯಾಹ್ನ ವಿಠ್ಠಲನ ಗುಡಿಯಲ್ಲಿ ನಿಲ್ಲಿಸುವ ತಾಕತ್ತು ಕ್ಯಾಪ್ಟನ್ನಿಗೆ ಬಿಟ್ಟರೆ ಯಾರಿಗೂ ಇಲ್ಲ.

ನಿಲ್ಲಿಸಿದ. ಮೇ ತಿಂಗಳ ಹಂಪಿಯಲ್ಲಿ ನಲವತ್ತು ಡಿಗ್ರಿ ಎಂದರೆ ಸೂರ್ಯ ಒಬ್ಬನೇ ಅಲ್ಲ, ಬಂಡೆಗಳೂ ಸೇರಿ ಸುಡುತ್ತವೆ. ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ತೋರಿಸಿದರೆ ಕ್ಯಾಪ್ಟನ್ ಅಂದದ್ದು: “ಹಡಗಿನ ಥಿಯೇಟರ್ ಇನ್ನಾ ದೊಡ್ಡದು.” ಗೆಜ್ಜಲ ಮಂಟಪದ ಹತ್ತಿರ ಬ್ಯಾಟರಿ ಗಾಡಿಗೆ ಕ್ಯೂ ನಿಂತಾಗ: “ಅಲ್ಲಿ ಲಿಫ್ಟ್ ಇತ್ತು.” ಕಲ್ಲಿನ ರಥದ ಮುಂದೆ ಮಾತ್ರ ಯಾವ ಹೋಲಿಕೆಯೂ ಹೊಳೆಯಲಿಲ್ಲ. ಐವತ್ತು ರೂಪಾಯಿ ನೋಟಿನ ಹಿಂಬದಿ ಇದೇ ರಥವಿದೆಯಲ್ಲ, ನೋಟನ್ನು ರಥದ ಪಕ್ಕಕ್ಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಈಗಿನ ಶಾಸ್ತ್ರ. ಕ್ಯಾಪ್ಟನ್ ಗುಮಾಸ್ತರ ಹತ್ತಿರ ಒಂದು ನೋಟು ಇಸಿದುಕೊಂಡ. ಫೋಟೊ ಚೆನ್ನಾಗಿ ಬಂತು. ನೋಟು ವಾಪಸು ಬರಲಿಲ್ಲ.

ರಾತ್ರಿ ಉಳಿಯಲು ‘ಐಲ್ಯಾಂಡ್ ಸ್ಟೇ’ ಎಂದು ಗ್ರೂಪಿನಲ್ಲಿ ಒಂದು ವಿಡಿಯೊ ಹಾಕಿದ್ದ. ಗುಡಿಸಲು, ತೂಗುಮಂಚ, ಎದುರಿಗೆ ಗದ್ದೆ. ಅಳಿಯಂದಿರು ನೋಡಿ ಇದು ವಿರೂಪಾಪುರ ಗಡ್ಡೆ ಎಂದರು. ಅಲ್ಲಿಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲೇ ತೆರವು ಮಾಡಿಯಾಗಿದೆ. “ಹಂಗಾರ ಡೇ ಕ್ರೂಸ್,” ಅಂದ ಕ್ಯಾಪ್ಟನ್. ಯೋಜನೆ ಕೆಟ್ಟಿತೆಂದು ಆತ ಎಂದೂ ಒಪ್ಪಿದ್ದಿಲ್ಲ, ಹೆಸರಷ್ಟೇ ಬದಲಾಗುತ್ತದೆ.

ಚಕ್ರತೀರ್ಥದಲ್ಲಿ ಕೋದಂಡರಾಮನ ಗುಡಿಯ ಮುಂದೆ ಹರಿಗೋಲುಗಳು ಬೋರಲು ಬಿದ್ದಿದ್ದವು. ಬೇಸಿಗೆಯ ಹೊಳೆ, ನೀರಿಗಿಂತ ಬಂಡೆಯೇ ಹೆಚ್ಚು. ಅಂಬಿಗ ಒಂದನ್ನು ನೀರಿಗೆ ನೂಕಿದ. ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡು ದಡದಲ್ಲಿ ನಿಂತು, ತಾನು ಮುಂದುಗಡೆ ಕೂರುವುದಾಗಿ ಘೋಷಿಸಿದ.

“ಮುಂದ ಅಂದ್ರ ಎಲ್ಲಿ, ಅಣ್ಣಾ?” ಅಂಬಿಗ ಕೇಳಿದ.

ಕ್ಯಾಪ್ಟನ್ ಒಂದು ಸುತ್ತು ನೋಡಿದ. ಹರಿಗೋಲು ದುಂಡಗಿತ್ತು.

“ಇದಕ್ಕ ಮುಂದೂ ಇಲ್ಲ, ಹಿಂದೂ ಇಲ್ಲ. ನಡಕ್ಕ ಕುಂದುರು, ತೂಕ ಸಮ ಆಕ್ಕತಿ.”

ಮೂರು ಹರಿಗೋಲಿನಲ್ಲಿ ನಮ್ಮ ನೌಕಾಪಡೆ ಹೊರಟಿತು. ಮೇಷ್ಟ್ರಿಗೆ ನೀರು ಕಂಡರೆ ಚರಿತ್ರೆ ಉಕ್ಕುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪೇಸ್ ಎಂಬ ಪೋರ್ಚುಗೀಸನು ಇಲ್ಲಿಗೆ ಬಂದಿದ್ದ. ಆನೆಗೊಂದಿಯ ಕಡೆಗೆ ಜನ ಹೊಳೆ ದಾಟುವುದನ್ನು ನೋಡಿ ಬರೆದಿಟ್ಟ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ. ನೆಟ್ಟಗೆ ಹೋಗಲು ಬಾರದೆ ಸದಾ ಸುತ್ತುತ್ತಲೇ ಇರುತ್ತದೆ ಎಂದೆಲ್ಲ. ಐನೂರು ವರ್ಷದಲ್ಲಿ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು. ಉಳಿದದ್ದೆಲ್ಲ ಹಾಗೇ ಇದೆ.

ಕ್ಯಾಪ್ಟನ್ ಗಂಭೀರವಾಗಿ ಕೇಳಿಸಿಕೊಂಡು ಅಂದ: “ಪೇಸ್ ಅಂದ್ರ ಟೆನಿಸ್ ಆಡ್ತಾನಲ್ಲ, ಅವನ ಏನ್ರಿ?”

ಮೇಷ್ಟ್ರು ಆಮೇಲೆ ಪುರಂದರ ಮಂಟಪ ಬರುವವರೆಗೂ ಮಾತಾಡಲಿಲ್ಲ.

ಹಂಪಿಯ ಅಂಬಿಗರಿಗೆ ಒಂದು ಚೇಷ್ಟೆಯಿದೆ. ನೀರು ಆಳವಿದ್ದ ಕಡೆ ಹುಟ್ಟನ್ನು ಒಂದೇ ಮಗ್ಗುಲಿಗೆ ಹಾಕಿ ಹರಿಗೋಲನ್ನು ಗಿರ್‍ರನೆ ತಿರುಗಿಸುತ್ತಾರೆ. ಪ್ರವಾಸಿಗರು ಕಿರುಚುತ್ತಾರೆ, ವಿಡಿಯೊ ಮಾಡುತ್ತಾರೆ, ಮೇಲೆ ಹತ್ತು ಇಪ್ಪತ್ತು ಕೊಡುತ್ತಾರೆ. ಕೋಟಿಲಿಂಗವನ್ನು ಕೆತ್ತಿದ ಬಂಡೆ ನೋಡಿ ತಿರುಗುವಾಗ ನಮ್ಮವನೂ ತಿರುಗಿಸಿದ. ಮಾತಂಗ ಬೆಟ್ಟ, ಅಚ್ಯುತರಾಯನ ಗುಡಿಯ ದಾರಿ, ಕೋದಂಡರಾಮನ ಗುಡಿ, ಮತ್ತೆ ಮಾತಂಗ ಬೆಟ್ಟ. ಕ್ಯಾಪ್ಟನ್ ಎರಡೂ ಕೈಯಲ್ಲಿ ಮೆಂಬರ ತೊಡೆ ಹಿಡಿದುಕೊಂಡ. ಟೋಪಿ ನೀರಿಗೆ ಬಿತ್ತು. ಹಡಗಿನ ಕಾರ್ಡು ಕೊರಳಿನ ಹಿಂಬದಿಗೆ ಹೋಯಿತು. ಕಣ್ಣು ಮುಚ್ಚಿಕೊಂಡು ವಿರೂಪಾಕ್ಷ, ಹುಲಿಗೆಮ್ಮ, ಸಂಡೂರಿನ ಕುಮಾರಸ್ವಾಮಿ, ಹೀಗೆ ಸುತ್ತಲಿನ ದೇವರನ್ನೆಲ್ಲ ತಾಲೂಕುವಾರು ಕರೆದ. ಸಿರುಗುಪ್ಪದವರ ಕಥೆಗೆ ಆಗ ಸಾಕ್ಷಿ ಸಿಕ್ಕಿತು.

ಅಂಬಿಗ ಹುಟ್ಟಿನ ತುದಿಯಿಂದ ಟೋಪಿ ಎತ್ತಿಕೊಟ್ಟ. “ಹಡಗಿನಾಗ ಹೋಗಿ ಬಂದೋರಿಗೂ ತಲಿ ತಿರುಗ್ತೈತಾ, ಅಣ್ಣಾ?”

“ಹಡಗು ನೆಟ್ಟಗ ಹೊಕ್ಕತಿ,” ಕ್ಯಾಪ್ಟನ್ ಕಣ್ಣು ಬಿಡದೆಯೇ ಹೇಳಿದ. “ನಿಂದ ಡಿಸೈನ್ ಸರಿ ಇಲ್ಲ.”

ದಡಕ್ಕೆ ಇಳಿದು ನಿಂಬೆಹಣ್ಣಿನ ಸೋಡಾ ಕುಡಿದದ್ದೇ ತಡ, ಹೊಸ ಬಣ್ಣ ಬಂತು. ತಿರುಗಿಸಲು ಅಂಬಿಗನಿಗೆ ತಾನೇ ಸನ್ನೆ ಮಾಡಿದ್ದನಂತೆ. ನಾವು ಹೆದರುತ್ತೇವೋ ಇಲ್ಲವೋ ನೋಡಬೇಕಿತ್ತಂತೆ. ಮೆಂಬರು ತೊಡೆ ತೋರಿಸಿದರು. ಐದು ಬೆರಳೂ ಎದ್ದಿದ್ದವು.

ಸಂಜೆ ಟಿ.ಬಿ. ಡ್ಯಾಮು. ಇಲ್ಲಿ ಮಾತ್ರ ಅಧಿಕಾರ ಕ್ಯಾಪ್ಟನ್ನಿನ ಕೈತಪ್ಪಿ ಗುಮಾಸ್ತರಿಗೆ ಹೋಯಿತು. ಕಂಪ್ಲಿ, ಗಂಗಾವತಿ ಕಡೆಯವರಿಗೆ ಜಲಾಶಯದ ಒಳಹರಿವು, ಹೊರಹರಿವು ಚಿನ್ನದ ದರ ಇದ್ದಂತೆ, ದಿನಾ ಬೆಳಿಗ್ಗೆ ನೋಡದೆ ಚಹಾ ಇಳಿಯುವುದಿಲ್ಲ. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು ನಿಂತದ್ದು, ಗೇಟು ಮೂವತ್ಮೂರು. ಕಟ್ಟಿದಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ ನೀರು, ಹೂಳು ತುಂಬಿ ಈಗ 105ರ ಲೆಕ್ಕ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದಾಗ ನಮ್ಮ ಕಡೆ ಯಾರೂ ಮಲಗಲಿಲ್ಲ. ಹರಿದುಹೋಗುತ್ತಿದ್ದದ್ದು ನೀರಲ್ಲ, ಭತ್ತ. ಹರಿಯುವ ನೀರಿನಲ್ಲೇ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದ್ದನ್ನು ಗುಮಾಸ್ತರು ಕೈಯಲ್ಲಿ ತೋರಿಸುತ್ತ ಹೇಳುವಾಗ ಮೈಮೇಲೆ ದೇವರು ಬಂದ ಹಾಗಿತ್ತು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದೆವು. ಕ್ಯಾಪ್ಟನ್ನಿಗೆ ಇದನ್ನು ಸಹಿಸಲಾಗಲಿಲ್ಲ.

“ಸಮುದ್ರಕ್ಕ ಗೇಟೇ ಇಲ್ಲಲೇ,” ಅಂದ.

“ಅದಕ್ಕ ಅದು ಉಪ್ಪು,” ಅಂದರು ಗುಮಾಸ್ತರು. “ಅದರಾಗ ಭತ್ತ ಬೆಳಿ ನೋಡಾಣ.”

ಅಷ್ಟಕ್ಕೂ ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಮುದ್ರವೇ ನಮ್ಮ ಬಾಗಿಲಿಗೆ ಬರುತ್ತದೆ. ಆಗ ಕ್ಯಾಪ್ಟನ್ ಅಂಗಡಿಯ ಷಟರ್ ಎಳೆದು ಮೆಟ್ರಿಯಲ್ಲೇ ಇರುತ್ತಾನೆ.

ಮರುದಿನ ಸಂಡೂರು ಎಂದಿತ್ತು. ಗಾಂಧೀಜಿ 1934ರಲ್ಲಿ ಬಂದು, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಡ್ರೈವರ್ ಅದನ್ನೇ ಹಿಡಿದುಕೊಂಡ. “ಮೇ ತಿಂಗಳಾಗ ಬರ್‍ರಿ ಅಂತ ಗಾಂಧಿ ಹೇಳಿಲ್ಲ,” ಎಂದು ಗಾಡಿಯನ್ನು ಕಂಪ್ಲಿ ರಸ್ತೆಗೆ ತಿರುಗಿಸಿಬಿಟ್ಟ.

ಇನ್ನು ಲೆಕ್ಕ. ಕ್ಯಾಪ್ಟನ್ನಿನ ಲೆಕ್ಕ ಎಂದೂ ಮುಗಿಯುವುದಿಲ್ಲ. ‘ಡೀಸೆಲ್, ಹರಿಗೋಲು, ಸೋಡಾ, ಇತರೆ’ ಎಂದು ಗ್ರೂಪಿಗೆ ಒಂದು ಫೋಟೊ ಬರುತ್ತದೆ. ಅದರಲ್ಲಿ ‘ಇತರೆ’ಯೇ ಉಳಿದ ಮೂರಕ್ಕಿಂತ ದೊಡ್ಡದು. ಕೇಳಿದರೆ, ಹಡಗಿನಲ್ಲಿ ಇದಕ್ಕೆ ಪೋರ್ಟ್ ಚಾರ್ಜ್ ಎನ್ನುತ್ತಾರಂತೆ. ಗುಮಾಸ್ತರು ಐವತ್ತರ ನೋಟಿನ ಮಾತು ತೆಗೆದ ದಿನ ಗ್ರೂಪೇ ಡಿಲೀಟ್ ಆಯಿತು. ಹತ್ತು ದಿನ ಬಿಟ್ಟು ‘ಮೆಟ್ರಿ ಕ್ರೂಸ್ ಟೀಮ್ – 2’ ಹುಟ್ಟಿತು. ಈ ಸಲ ಅಂಡಮಾನ್. ಎಲ್ಲರೂ ಬಯ್ಯುತ್ತಲೇ ಒಳಗೆ ಉಳಿದಿದ್ದಾರೆ, ಗುಮಾಸ್ತರೂ ಸೇರಿ.

ನಿಮ್ಮ ಊರಿನಲ್ಲೂ ಇಂಥ ಒಬ್ಬ ಇದ್ದೇ ಇರುತ್ತಾನೆ. ಆತ ಕರೆದರೆ ಒಲ್ಲೆ ಎನ್ನಬೇಡಿ. ಆತ ಕರೆಯದಿದ್ದರೆ ನೀವು ಕಟ್ಟೆ ಬಿಟ್ಟು ಏಳುವವರಲ್ಲ. ಹರಿಗೋಲಿನಲ್ಲಿ ಮಾತ್ರ ಆತನ ಪಕ್ಕಕ್ಕೆ ಕೂರಬೇಡಿ, ನೋಟು ಕೇಳಿದರೆ ಹತ್ತರದ್ದು ಕೊಡಿ.